ಅಂಬಾಸಿಡರ್ ಸಾಮಾನಿನಿಂದ ಎಂಜಿಎ ಎಂಜಿನ್ ಕಟ್ಟಿದ ಕಥೆ: ನನ್ನ ಅನುಭವ

ನನ್ನ 1958ರ ಎಂಜಿಎ 1500, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಕಳೆದ ಬೇಸಿಗೆಯಿಂದ ಓಡುತ್ತಿದೆ. ಎರಡು ಸಾವಿರ ಮೈಲಿ ಹತ್ತಿರ ಬಂತು. ಚೆನ್ನಾಗಿ ಬಿಸಿಯಾದ ಮೇಲೂ ಆಯಿಲ್ ಪ್ರೆಶರ್ 50 ಪಿಎಸ್‌ಐ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಳಗೆ ಕ್ರ್ಯಾಂಕ್ ಶಾಫ್ಟ್ ಹೊರುವ ಮೇನ್ ಬೇರಿಂಗ್, ಪಿಸ್ಟನ್ ರಾಡ್ ಬುಡದ ಬಿಗ್ ಎಂಡ್ ಬೇರಿಂಗ್, ವಾಲ್ವ್ ತಳ್ಳುವ ಟ್ಯಾಪೆಟ್, ಆಯಿಲ್ ಪಂಪ್ ಎಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂದ ಅಂಬಾಸಿಡರ್ ಸಾಮಾನು. "ಟ್ಯಾಕ್ಸಿ ಸಾಮಾನು ತಂದು ಸ್ಪೋರ್ಟ್ಸ್ ಕಾರಿಗೆ ಹಾಕ್ತೀಯಾ?" ಎಂದು ಇಲ್ಲಿ ನ್ಯೂಜೆರ್ಸಿಯಲ್ಲಿ ಹಳೇ ಬ್ರಿಟಿಷ್ ಕಾರು ಇಟ್ಟುಕೊಂಡಿರುವ ಗೆಳೆಯರೆಲ್ಲ ತಲೆ ಆಡಿಸಿದ್ದರು. ಈಗ ಅವರಲ್ಲೇ ಒಂದಿಬ್ಬರು "ಮುಂದಿನ ಸಲ ಊರಿಗೆ ಹೋದಾಗ ನಮಗೂ ತಾ" ಎಂದು ಪಟ್ಟಿ ಕೊಟ್ಟಿದ್ದಾರೆ.

ಗೊತ್ತಿರುವವರಿಗೆ ಇದು ಹೊಸದಲ್ಲ. ಎಂಜಿಎ 1500ರಲ್ಲಿರುವುದು ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ ಸೀರೀಸ್ ಎಂಜಿನ್, 1489 ಸಿಸಿ, ಮೂರು ಮೇನ್ ಬೇರಿಂಗ್. ಅದೇ 1489 ಸಿಸಿ ಎಂಜಿನ್ನನ್ನು ಹಿಂದೂಸ್ತಾನ್ ಮೋಟಾರ್ಸ್‌ನವರು 1959ರಲ್ಲಿ ಅಂಬಾಸಿಡರ್‌ಗೆ ಹಾಕಿದರು. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ಎಂಜಿಎ 1962ಕ್ಕೇ ನಿಂತು ಹೋಯಿತು. ಪಶ್ಚಿಮ ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ಈ ಎಂಜಿನ್ ಮಾತ್ರ ಇನ್ನೂ ದಶಕಗಟ್ಟಲೆ ತಯಾರಾಯಿತು. ಲಕ್ಷಗಟ್ಟಲೆ ಗಾಡಿಗೆ ಬೇಕಾಗಿದ್ದ ಸಾಮಾನು ಒಂದೇ ಸಲ ಎಲ್ಲಿಗೆ ಮಾಯವಾಗುತ್ತದೆ ಹೇಳಿ?

ಮೊದಲು ದುಡ್ಡಿನ ವಿಷಯ. ಕಾರು ತೆಗೆದುಕೊಂಡಾಗಲೇ ಕೆಳಗಿನಿಂದ ಕಟಕಟ ಸದ್ದಿತ್ತು. ಹಳೇ ಮಾಲೀಕರು ಒಂದು ವರ್ಕ್‌ಶಾಪಿನಲ್ಲಿ ಎಂಜಿನ್ ಮಾಡಿಸಿದ್ದರಂತೆ, ಬಿಲ್ ಕೂಡ ತೋರಿಸಿದರು. ಎಂಜಿನ್ ತಳದ ಆಯಿಲ್ ತಟ್ಟೆ, ಸಂಪ್, ಬಿಚ್ಚಿ ನೋಡಿದರೆ ಮೂರನೇ ಬಿಗ್ ಎಂಡ್‌ನ ಶೆಲ್ (ಬೇರಿಂಗ್‌ನ ಅರ್ಧಬಳೆ) ಮೇಲಿನ ಪದರ ಪೂರ್ತಿ ಎದ್ದು ಹೋಗಿತ್ತು. ಈಗಿನ ಕಾಲದ ನಕಲಿ ಶೆಲ್, ಅದೂ ಹೊಸದೇ. ಇನ್ನೊಂದು ವರ್ಕ್‌ಶಾಪಿನಲ್ಲಿ ಕೇಳಿದೆ. ಎಂಜಿನ್ ಇಳಿಸಿ, ಕಟ್ಟಿ, ವಾಪಸ್ ಕೂರಿಸಲು ಒಂಬತ್ತು ಸಾವಿರ ಡಾಲರ್ ಹತ್ತಿರ ಹೇಳಿದರು. ಆ ದುಡ್ಡಿಗೆ ಇನ್ನೊಂದು ಅರೆಬರೆ ಎಂಜಿಎ ಬರುತ್ತದೆ.

ಹಾಗಾಗಿ ನಾನೇ ಇಳಿಸಿದೆ. ಎಂಜಿನ್ ಮಾತ್ರ ಇಳಿಸಬೇಕಾ, ಗೇರ್‌ಬಾಕ್ಸ್ ಸಮೇತ ಇಳಿಸಬೇಕಾ ಎಂಬ ವಾದ ಈ ಕಾರಿನವರಲ್ಲಿ ಮುಗಿಯುವುದೇ ಇಲ್ಲ. ಗೆಳೆಯರ ಮಾತು ಕೇಳಿ ಮೊದಲು ಎಂಜಿನ್ ಮಾತ್ರ ಎಳೆದು ನೋಡಿದೆ. ಎಂಜಿನ್, ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗ್‌ನ ಮೇಲಿನ ಬೋಲ್ಟ್‌ಗೆ ಕೈ ಹೋಗಲ್ಲ. ಹೇಗೋ ಬಿಚ್ಚಿದರೂ ಮುಂದಕ್ಕೆ ಎಳೆಯಲು ಜಾಗ ಸಾಲದು, ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಕ್ಲಚ್ ಪ್ಲೇಟ್‌ನಲ್ಲೇ ಸಿಕ್ಕಿಕೊಂಡು ಕೂರುತ್ತದೆ. ಒಂದು ಇಡೀ ಭಾನುವಾರ ಅದರಲ್ಲೇ ಹೋಯಿತು. ಎರಡೂ ಒಟ್ಟಿಗೆ ಇಳಿಸುವುದೇ ಸರಿ. ಯಾರು ಏನೇ ಹೇಳಲಿ, ನನ್ನ ಅಭಿಪ್ರಾಯ ಇದು.

ಮನೆ ಗ್ಯಾರೇಜಿನಲ್ಲಿ ಕಷ್ಟ ಕೊಡುವುದು ಎತ್ತರ. ಗೇರ್‌ಬಾಕ್ಸ್ ಬಾಲ ಕೆಳಗೆ ನೇತಾಡುತ್ತಾ ಬರುವಾಗ ಎಂಜಿನ್ ಎತ್ತುವ ಹಾಯ್ಸ್ಟ್‌ನ ತೋಳು ಬಾಗಿಲಿನ ಕಂಬಿಗೆ ತಾಗಿ ನಿಂತೇ ಬಿಡುತ್ತದೆ. ಎಲ್ಲರೂ ಕಾರಿನ ಮುಂಭಾಗ ಎತ್ತುತ್ತಾರೆ. ನಾನು ಹಿಂಭಾಗ ಎತ್ತಿದೆ. ಹಿಂದಿನ ಆಕ್ಸಲ್ ಕೆಳಗೆ ಎತ್ತರದ ಸ್ಟ್ಯಾಂಡ್, ಮುಂದಿನ ಚಕ್ರದ ಕೆಳಗೆ ಹಾಯ್ಸ್ಟ್‌ನ ಕಾಲು ತೂರುವಷ್ಟು ಮಾತ್ರ ಹಲಗೆ. ಕಾರು ಮೂತಿ ತಗ್ಗಿಸಿ ನಿಂತರೆ ಎಂಜಿನ್ನನ್ನು ಅಷ್ಟು ಓರೆ ಮಾಡಬೇಕಿಲ್ಲ, ಮೂತಿ ದಾಟಿಸಲು ಅಷ್ಟು ಎತ್ತರವೂ ಬೇಡ. ಚೈನ್ ಆದಷ್ಟು ಗಿಡ್ಡ ಇರಲಿ. ಎಂಜಿನ್ ಓರೆ ಹೊಂದಿಸುವ ಲೆವೆಲರ್ ಇಲ್ಲದೆ ಕೈ ಹಾಕಬೇಡಿ. ಕ್ಲಚ್‌ನ ಸ್ಲೇವ್ ಸಿಲಿಂಡರ್‌ನ ಪೈಪ್ ಬಿಚ್ಚಬೇಡಿ, ಎರಡು ಬೋಲ್ಟ್ ತೆಗೆದು ಪಕ್ಕಕ್ಕೆ ಕಟ್ಟಿಬಿಡಿ. ಗೇರ್‌ಬಾಕ್ಸ್ ಆಯಿಲ್ ಮೊದಲೇ ಇಳಿಸಿ, ಇಲ್ಲವಾದರೆ ಓರೆಯಾದ ತಕ್ಷಣ ಬಾಲದಿಂದ ನೆಲಕ್ಕೆ ಸುರಿಯುತ್ತದೆ. ಚಾಸಿಯ ಅಡ್ಡಪಟ್ಟಿ ದಾಟುವಾಗ ಗೇರ್‌ಬಾಕ್ಸ್ ಒಂದು ಕಡೆ ಹಿಡಿದುಕೊಳ್ಳುತ್ತದೆ. ಅಲ್ಲಿ ನಾನು ಒಬ್ಬನೇ ಅದನ್ನು ಹೇಗೆ ತಿರುಗಿಸಿ ದಾಟಿಸಿದೆ ಎಂಬುದನ್ನು ಬರೆಯಲ್ಲ. ಗ್ಯಾರೇಜಿಗೆ ಬಂದವರಿಗೆ ತೋರಿಸುತ್ತೇನೆ.

ಬಾಡಿಗೆ ಹಾಯ್ಸ್ಟ್‌ಗೆ ದಿನಕ್ಕೆ ಐವತ್ತು ಡಾಲರ್ ಮೇಲೆ. ಒಂದು ದಿನದಲ್ಲಿ ಮುಗಿಯುವ ಕೆಲಸ ಅಲ್ವಲ್ಲ, ಹಾಗಾಗಿ ಇನ್ನೂರೈವತ್ತು ಕೊಟ್ಟು ಕೊಂಡುಬಿಟ್ಟೆ. ಕೆಲಸ ಮುಗಿದ ಮೇಲೆ ಇನ್ನೂರಕ್ಕೆ ಮಾರಿದೆ.

ಈಗ ಜೆ.ಸಿ. ರಸ್ತೆ. ಕ್ರ್ಯಾಂಕ್ ಅಳೆದು ನೋಡಿದೆ. ಮೇನ್ ಬೇರಿಂಗ್ ಕೂರುವ ಜರ್ನಲ್‌ನ ಮೂಲ ಅಳತೆ ಎರಡು ಇಂಚು, ಬಿಗ್ ಎಂಡ್ ಕೂರುವ ಪಿನ್‌ನದು 1 7/8 ಇಂಚು. ಸವೆದ ಗೆರೆ ಹೋಗಬೇಕಾದರೆ 20 ಥೌ (ಇಂಚಿನ ಸಾವಿರದಲ್ಲೊಂದು ಭಾಗ ಒಂದು ಥೌ) ಗ್ರೈಂಡಿಂಗ್ ಬೇಕಿತ್ತು. ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಹಳೇ ಶೆಲ್, ಒಂದು ಟ್ಯಾಪೆಟ್, ಮೈಕ್ರೋಮೀಟರ್ ಜೇಬಿನಲ್ಲಿ ಇಟ್ಟುಕೊಂಡೇ ಹೋದೆ. ಜೊತೆಗೆ ಭಾವ ಬಂದಿದ್ದರು. ದೊಡ್ಡ ಅಂಗಡಿಗಳಲ್ಲಿ "ಅಂಬಾಸಿಡರ್ ಪೆಟ್ರೋಲಾ? ಇಸುಜು ಬೇಕಾದ್ರೆ ಕೊಡ್ತೀನಿ" ಎಂದರು. ಇಸುಜು ಅಂದರೆ ಆಮೇಲಿನ ಅಂಬಾಸಿಡರ್‌ಗೆ ಬಂದ ಎಂಜಿನ್. ಸಂದಿಯೊಳಗಿನ ಒಂದು ಸಣ್ಣ ಅಂಗಡಿಯಲ್ಲಿ ವಯಸ್ಸಾದ ಯಜಮಾನರು ಕೂತಿದ್ದರು. "ಯಜಮಾನ್ರೇ, ಹಳೇ ಬಿಎಂಸಿ ಪೆಟ್ರೋಲ್ ಬೇರಿಂಗ್ ಇದ್ಯಾ?" ಎಂದೆ. ಅವರು ನನ್ನ ಕೈಲಿದ್ದ ಶೆಲ್ ಇಸಿದುಕೊಂಡು ಅದರ ಬೆನ್ನು ತಿರುಗಿಸಿ ನೋಡಿದರು. "ಯಾವ ಸೈಜಪ್ಪಾ, ಟ್ವೆಂಟಿನಾ?" ಹುಡುಗನನ್ನು ಅಟ್ಟ ಹತ್ತಿಸಿದರು. ಬಂದದ್ದು ಅಂಚು ಹರಿದ ರಟ್ಟಿನ ಡಬ್ಬಿ. ಒಳಗೆ ಎಣ್ಣೆ ಕಾಗದದಲ್ಲಿ ಜೋಡಿ ಜೋಡಿಯಾಗಿ ಸುತ್ತಿಟ್ಟ ಶೆಲ್‌ಗಳು. ಕಾಗದ ಕಂದುಬಣ್ಣಕ್ಕೆ ತಿರುಗಿತ್ತು, ಶೆಲ್ ಮೇಲೆ ಒಂದು ಚುಕ್ಕೆ ತುಕ್ಕಿರಲಿಲ್ಲ. ಬೆನ್ನಿನಲ್ಲಿ 020 ಎಂದು ಒತ್ತಿದ ಅಂಕಿ, ಅಂದರೆ 20 ಥೌ. ಅಲ್ಲೇ ಕೌಂಟರ್ ಮೇಲೆ ಮೈಕ್ರೋಮೀಟರ್ ಹಿಡಿದೆ. ಎಲ್ಲ ಶೆಲ್‌ನ ದಪ್ಪವೂ ಒಂದೇ. ಅಮೆರಿಕದಲ್ಲಿ ನಾನು ಬಿಚ್ಚಿ ಬಿಸಾಕಿದ ನಕಲಿ ಸೆಟ್‌ನಲ್ಲಿ ಶೆಲ್‌ನಿಂದ ಶೆಲ್‌ಗೆ ಅರ್ಧ ಥೌ ವ್ಯತ್ಯಾಸ ಇತ್ತು.

ಮೇನ್, ಬಿಗ್ ಎಂಡ್, ಮಧ್ಯದ ಮೇನ್‌ಗೆ ಬರುವ ಥ್ರಸ್ಟ್ ವಾಷರ್, ಟ್ಯಾಪೆಟ್, ಪಂಪ್, ಎರಡು ಪ್ಯಾಕಿಂಗ್ (ಗ್ಯಾಸ್ಕೆಟ್) ಸೆಟ್ ಸೇರಿ ಹನ್ನೆರಡು ಸಾವಿರ ರೂಪಾಯಿ ಚಿಲ್ಲರೆ ಆಯಿತು. ಇಲ್ಲಿ ಇದೇ ಪಟ್ಟಿಗೆ ಏಳುನೂರು ಡಾಲರ್ ದಾಟುತ್ತದೆ. ಅಂಗಡಿ ಹೆಸರು ಮಾತ್ರ ಕೇಳಬೇಡಿ. ಅವರ ಹತ್ತಿರ ಉಳಿದಿರುವುದೇ ಸ್ವಲ್ಪ, ಅದು ನನಗೂ ಬೇಕು.

ಕೆಲವು ಸಾಮಾನು ಆಗಿಬರಲ್ಲ. ಅಂಬಾಸಿಡರ್ ಕ್ಯಾಮ್‌ಶಾಫ್ಟ್ ಸುಮ್ನೆ ತರಬೇಡಿ. ಎಂಜಿಎಯಲ್ಲಿ ಎಂಜಿನ್ ಸುತ್ತು ತೋರಿಸುವ ರೆವ್ ಕೌಂಟರ್‌ನ ಕೇಬಲ್ ಓಡುವುದು ಕ್ಯಾಮ್‌ನ ಹಿಂತುದಿಯ ಗೇರಿನಿಂದ, ಟ್ಯಾಕ್ಸಿ ಕ್ಯಾಮ್‌ನಲ್ಲಿ ಆ ಗೇರೇ ಇಲ್ಲ. ಅದು ವಾಲ್ವ್ ಎತ್ತುವುದೂ ಕಡಿಮೆ, ಗಾಡಿ ಸಪ್ಪೆಯಾಗುತ್ತದೆ. ಪಿಸ್ಟನ್ ಕೂಡ ಬೇಡ. ನಮ್ಮ ಎಂಜಿನ್‌ನ ಕಂಪ್ರೆಷನ್ 8.3:1, ಅಂಬಾಸಿಡರ್‌ನದು ಅದಕ್ಕಿಂತ ಕೆಳಗೆ. ಪಿಸ್ಟನ್ ನಾನು ಇಲ್ಲೇ ಕೊಂಡೆ, ಜಾಸ್ತಿ ಖರ್ಚು ಅದಕ್ಕೇ ಆಯಿತು. ಇನ್ನೊಂದು: 1489 ಸಿಸಿ ಡೀಸೆಲ್ ಅಂಬಾಸಿಡರ್ ಕೂಡ ಇತ್ತಲ್ಲ, ಅದರ ಹೆಡ್ ಪ್ಯಾಕಿಂಗನ್ನು ಪೆಟ್ರೋಲಿನದು ಎಂದು ಕೊಟ್ಟು ಕಳಿಸುತ್ತಾರೆ. ಹಳೆಯದನ್ನು ಮೇಲಿಟ್ಟು ತೂತು ತಾಳೆ ನೋಡಿಯೇ ದುಡ್ಡು ಕೊಡಿ.

ಎಂಜಿನ್ ಮೆಷಿನ್ ಶಾಪಿಗೆ ಹೋಗಿದ್ದಾಗ ಕೈ ಸುಮ್ಮನಿರಲಿಲ್ಲ. ಎರಡು ಎಸ್‌ಯು ಕಾರ್ಬ್ಯುರೇಟರ್ ಬಿಚ್ಚಿ, ಹಿತ್ತಾಳೆ ಭಾಗಗಳನ್ನೆಲ್ಲ ಹುಣಸೆಹಣ್ಣಿನ ನೀರಿನಲ್ಲಿ ನೆನೆಸಿದೆ. ಅಂಗಡಿಯ ಕ್ಲೀನರ್‌ಗಿಂತ ಚೆನ್ನಾಗಿ ಬಂತು. ಅರ್ಧ ಗಂಟೆ ಸಾಕು. ಜಾಸ್ತಿ ಬಿಟ್ಟರೆ ಕೆಂಪಗಾಗುತ್ತದೆ. ಆಮೇಲೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು ಒಣಗಿಸಿ. ಜೆಟ್ ಮತ್ತು ಸೂಜಿಯನ್ನು ಮಾತ್ರ ಇದಕ್ಕೆ ಹಾಕಬೇಡಿ, ಅಲ್ಲಿ ಅಳತೆ ಸ್ವಲ್ಪವೂ ಸವೆಯಬಾರದು. ಪ್ಲೈವುಡ್ ನೆಲದ ಹಲಗೆಗಳೂ ಕೊಳೆತಿದ್ದವು, ಅದನ್ನೂ ಆಗಲೇ ಕೊಯ್ದು ಹೊಸದು ಮಾಡಿಕೊಂಡೆ.

ಹಿಂದಿನ ಮೇನ್‌ನಿಂದ ಆಯಿಲ್ ಸೋರುವುದು ಈ ಎಂಜಿನ್‌ನ ಹುಟ್ಟುಗುಣ. ಅಲ್ಲಿ ಸೀಲ್ ಇಲ್ಲ, ಎಣ್ಣೆಯನ್ನು ವಾಪಸ್ ಒಳಕ್ಕೆ ತಳ್ಳುವ ಸುರುಳಿ ಗೆರೆ ಮಾತ್ರ. ನನ್ನದು ರಾತ್ರಿಗೆ ನಾಲ್ಕೈದು ಹನಿ ಬಿಡುತ್ತದೆ, ಮೊದಲು ಅಂಗೈ ಅಗಲ ಬಿಡುತ್ತಿತ್ತು.

ಪಿಸ್ಟನ್, ಮೆಷಿನ್ ಶಾಪ್, ಕ್ಲಚ್, ಸಾಮಾನು ಎಲ್ಲ ಸೇರಿ ಎರಡೂವರೆ ಸಾವಿರ ಡಾಲರ್ ಒಳಗೇ ಮುಗಿಯಿತು. ವಿಮಾನದ ಟಿಕೆಟ್ ಲೆಕ್ಕಕ್ಕೆ ಹಿಡಿದಿಲ್ಲ, ಊರಿಗೆ ಹೇಗಿದ್ದರೂ ಹೋಗುತ್ತಿದ್ದೆ. ನೀವು ಮಾಡುವುದಾದರೆ ಕ್ರ್ಯಾಂಕನ್ನು ಮೊದಲೇ ಗ್ರೈಂಡಿಂಗ್‌ಗೆ ಕೊಡಬೇಡಿ. ನಾನು ಹೋದಾಗ 020 ಮತ್ತು 030 ಸಿಕ್ಕವು, 010 ಎಲ್ಲೂ ಸಿಗಲಿಲ್ಲ. ಶೆಲ್ ಕೈಗೆ ಬಂದ ಮೇಲೆ, ಅದನ್ನೇ ಮೆಷಿನ್ ಶಾಪಿಗೆ ಕೊಟ್ಟು, ಅದರ ಅಳತೆಗೆ ಗ್ರೈಂಡ್ ಮಾಡಿಸಿ.