ಹಳೇ ಫೈಬರ್ ಬೋಟ್ ಕೊಂಡಿದ್ದೀರಾ? ಬಣ್ಣಕ್ಕಿಂತ ಮೊದಲು ಹಿಂದಿನ ಹಲಗೆ ನೋಡಿ

ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರ ಎಲ್ಲಿಗೆ ಹೋದರೂ ನದಿ ದಡದಲ್ಲೋ ತೆಂಗಿನ ತೋಟದ ಮೂಲೆಯಲ್ಲೋ ಒಂದೆರಡು ಹಳೇ ಫೈಬರ್ ದೋಣಿ ಬಿದ್ದಿರುತ್ತವೆ. ಹದಿನೈದು-ಹದಿನೆಂಟು ಅಡಿ ಉದ್ದ, ಹಿಂದೆ 8 ಅಥವಾ 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ಕೂರಿಸುವಂಥವು. ಇಂಥದ್ದೊಂದನ್ನು ಕಡಿಮೆ ಬೆಲೆಗೆ ಕೊಂಡು, ಸರಿಮಾಡಿಕೊಂಡು, ಹಿನ್ನೀರಲ್ಲಿ ಓಡಾಡಬೇಕು, ಗಾಳ ಹಾಕಬೇಕು ಅಂತ ಆಸೆ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಖಂಡಿತ ಮಾಡಬಹುದಾದ ಕೆಲಸ. ಆದರೆ ಕೆಲಸದ ಕ್ರಮ ತಪ್ಪಿದರೆ ದುಡ್ಡೂ ಹೋಗುತ್ತದೆ, ಮುಗಿಯುವಷ್ಟರಲ್ಲಿ ಮಳೆಗಾಲವೂ ಬಂದುಬಿಡುತ್ತದೆ.

ಹೊಸಬರು ಸಾಮಾನ್ಯವಾಗಿ ಬಣ್ಣದಿಂದ ಶುರುಮಾಡುತ್ತಾರೆ. ಬಣ್ಣ ಕೊನೆಗೆ. ಫೈಬರ್ ಅಂದರೆ ಗಾಜಿನ ನಾರು ಮತ್ತು ಅದನ್ನು ಹಿಡಿದಿಡುವ, ಗಟ್ಟಿಯಾಗುವ ಅಂಟು ದ್ರವ, ಅದೇ ಪಾಲಿಯೆಸ್ಟರ್ ರೆಸಿನ್. ಇವೆರಡೂ ಬೇಗ ಹಾಳಾಗುವ ವಸ್ತುಗಳಲ್ಲ, ಮೂವತ್ತು ವರ್ಷ ಹಳೆಯ ದೋಣಿಯ ಮೈ ಕೂಡ ಗಟ್ಟಿಯಾಗಿರಬಹುದು. ಕೊಳೆಯುವುದು ಅದರೊಳಗೆ ಮುಚ್ಚಿಟ್ಟ ಮರ. ಎಂಜಿನ್ ಕೂರುವ ಹಿಂದಿನ ಹಲಗೆ ಇದೆಯಲ್ಲ, ಟ್ರಾನ್ಸಮ್ ಅಂತಾರಲ್ಲ, ಅದು ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇಟ್ಟು ಮಾಡಿದ್ದು. ಎಂಜಿನ್ ಬೋಲ್ಟಿನ ತೂತಿನಿಂದ ಹನಿಹನಿಯಾಗಿ ನೀರು ಒಳಗೆ ಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಮರ ಪುಡಿಯಾಗಿರುತ್ತದೆ.

ಹಾಗಾಗಿ ಕೊಳ್ಳುವ ಮೊದಲೇ ಒಂದು ಸಣ್ಣ ಸುತ್ತಿಗೆ ಹಿಡಿದುಕೊಂಡು ಹೋಗಿ. ಹಿಂದಿನ ಹಲಗೆಯನ್ನು ಇಂಚಿಂಚಾಗಿ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಮರವಿದ್ದಲ್ಲಿ ಸದ್ದು ಟಣ್ ಅಂತ ಚುರುಕಾಗಿ ಬರುತ್ತದೆ, ಕೊಳೆತಲ್ಲಿ ಬದ್ ಅಂತ ಸತ್ತ ಸದ್ದು. ಎಂಜಿನ್ ಮೇಲೇ ಇದ್ದರೆ ಅದರ ಕೆಳಗಿನ ಕಾಲನ್ನು ಹಿಡಿದು ಹಿಂದೆ ಮುಂದೆ ಜಗ್ಗಿ. ಎಂಜಿನ್ ಜೊತೆ ಹಲಗೆಯೂ ಬಾಗಿದರೆ ಅದು ಹೋಗಿದೆ ಅಂತಲೇ ಲೆಕ್ಕ. ಇನ್ನೂ ಅನುಮಾನ ಇದ್ದರೆ, ಮಾಲೀಕರು ಒಪ್ಪಿದರೆ, ಒಳಗಡೆಯಿಂದ ಕೆಳಭಾಗದಲ್ಲಿ 4 ಮಿ.ಮೀ. ತೂತು ಕೊರೆದು ಬರುವ ಪುಡಿ ನೋಡಿ. ಒಣಗಿದ ತಿಳಿಬಣ್ಣದ ಪುಡಿ ಬಂದರೆ ಒಳ್ಳೆಯದು. ಕಪ್ಪಾಗಿ, ಒದ್ದೆಯಾಗಿ, ಮುಗ್ಗಲು ವಾಸನೆ ಬಂದರೆ ಬದಲಿಸಲೇಬೇಕು. ತೂತನ್ನು ಎಪಾಕ್ಸಿ (ಇನ್ನೊಂದು ಬಗೆಯ ಗಟ್ಟಿ ರೆಸಿನ್ ಅಂಟು) ಹಾಕಿ ಮುಚ್ಚಿಬಿಡಿ.

ನಮ್ಮ ಕಡೆಯ ಮೀನುಗಾರಿಕೆ ದೋಣಿಗಳು ಹೆಚ್ಚಾಗಿ ತೆರೆದವು, ಒಳಗೆ ಬೇರೆ ನೆಲ ಇರುವುದಿಲ್ಲ. ಪರೀಕ್ಷೆ ಮಾಡುವುದು ಸುಲಭ. ಪ್ರವಾಸಿಗರಿಗೆ ಓಡಿಸಿದ ಬೋಟಾದರೆ ಮೇಲೊಂದು ನೆಲ, ಅದರಡಿ ಉದ್ದುದ್ದ ಮರದ ಪಟ್ಟಿ, ಪಟ್ಟಿಗಳ ನಡುವೆ ಫೋಮ್ ಇರುತ್ತದೆ. ನೆಲದ ಮೇಲೆ ನಡೆದಾಗ ಕಾಲು ಕುಸಿದಂತಾದರೆ ಕೆಳಗಿನ ಪಟ್ಟಿಯೂ ಹೋಗಿರಬಹುದು. ಹಿಂದಿನ ಹಲಗೆ, ನೆಲ, ಪಟ್ಟಿ ಮೂರೂ ಹೋಗಿದ್ದರೆ ನನ್ನ ಸಲಹೆ ಒಂದೇ, ಆ ಬೋಟನ್ನು ಬಿಟ್ಟುಬಿಡಿ. ಮೊದಲ ಬಾರಿ ಮಾಡುವವರಿಗೆ ಅದು ಬೇಡ. ಹಿಂದಿನ ಹಲಗೆ ಮಾತ್ರ ಹೋಗಿದ್ದರೆ ಧೈರ್ಯವಾಗಿ ತಗೊಳ್ಳಿ.

ಕಾಗದಪತ್ರ ಕೂಡ ಆಗಲೇ ಕೇಳಿ. ಮೀನುಗಾರಿಕೆ ದೋಣಿಯ ಮೈಮೇಲೆ ಐಎನ್‌ಡಿ-ಕೆಎ ಅಂತ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಅದು ಮಾರುವವರ ಹೆಸರಲ್ಲೇ ಇದೆಯಾ ನೋಡಿ, ಎಂಜಿನ್ನಿನ ಸೀರಿಯಲ್ ನಂಬರನ್ನು ಬಿಲ್ಲಿನ ಜೊತೆ ತಾಳೆಹಾಕಿ. ನದಿ, ಹಿನ್ನೀರಿನಲ್ಲಿ ಎಂಜಿನ್ ಹಾಕಿ ಓಡಿಸುವುದಕ್ಕೆ 2021ರ ಒಳನಾಡು ಹಡಗು ಕಾಯ್ದೆ ಅನ್ವಯಿಸುತ್ತದೆ, ಅದರಲ್ಲೂ ನೋಂದಣಿ ಬೇಕು.

ಇನ್ನು ಕೆಲಸ. ಮಳೆಗಾಲದಲ್ಲಿ ರೆಸಿನ್ ಮುಟ್ಟಬೇಡಿ. ತೇವಕ್ಕೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಹಿಡಿತವೂ ಬರುವುದಿಲ್ಲ. ಕರಾವಳಿಯಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ ಶುರುಮಾಡಿ, ಸಂಜೆ ತಂಪು ಏರುವ ಮೊದಲು ನಿಲ್ಲಿಸಿ. ಬೋಟಿನ ಮೇಲೆ ಟಾರ್ಪಾಲಿನ ಚಪ್ಪರ ಇರಲಿ, ಆದರೆ ನಾಲ್ಕೂ ಕಡೆ ಗಾಳಿ ಆಡಬೇಕು. ಮೊದಲು ಒಳಗೆ ಹೊರಗೆ ಸಿಹಿನೀರಲ್ಲಿ ತೊಳೆದು, ಉಪ್ಪು ಹೋಗುವವರೆಗೆ ತೊಳೆದು, ಚೆನ್ನಾಗಿ ಒಣಗಲು ಬಿಡಿ. ಒಣಗಿದೆಯಾ ಅಂತ ನೋಡಲು ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಬಿಸಿಲಲ್ಲಿ ಬಿಡಿ. ಒಳಗಡೆ ಬೆವರಿನಂತೆ ಹನಿ ಕಟ್ಟಿದರೆ ಇನ್ನೂ ನೀರಿದೆ.

ಸುರಕ್ಷತೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ, ದಯವಿಟ್ಟು ಹಾರಿಸಿಕೊಂಡು ಹೋಗಬೇಡಿ. ಅಂಗಡಿಯಲ್ಲಿ ರೆಸಿನ್, ಕೋಬಾಲ್ಟ್, ಕ್ಯಾಟಲಿಸ್ಟ್ ಮೂರನ್ನೂ ಬೇರೆ ಬೇರೆ ಬಾಟಲಿಯಲ್ಲಿ ಕೊಡುತ್ತಾರೆ. ಕ್ಯಾಟಲಿಸ್ಟ್ ಅಂದರೆ ರೆಸಿನ್ನನ್ನು ಗಟ್ಟಿ ಮಾಡುವ ಎಂಇಕೆಪಿ, ಆ ಕೆಲಸ ಬೇಗ ಆಗಲು ಕೋಬಾಲ್ಟ್. ಕೋಬಾಲ್ಟನ್ನೂ ಎಂಇಕೆಪಿಯನ್ನೂ ನೇರವಾಗಿ ಒಂದಕ್ಕೊಂದು ಯಾವತ್ತೂ ಸೇರಿಸಬೇಡಿ, ಸ್ಫೋಟವಾಗುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಪೂರ್ತಿ ಬೆರೆಯುವಂತೆ ಕಲಕಿ, ಆಮೇಲಷ್ಟೇ ಕ್ಯಾಟಲಿಸ್ಟ್. ಎರಡಕ್ಕೂ ಒಂದೇ ಸಿರಿಂಜ್, ಒಂದೇ ಕಡ್ಡಿ ಬಳಸಬೇಡಿ. ಬಾಟಲಿಗಳನ್ನೂ ದೂರ ದೂರ ಇಡಿ. ಎಂಇಕೆಪಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ಕನ್ನಡಕ ಇಲ್ಲದೆ ಬಾಟಲಿ ತೆರೆಯಬೇಡಿ. ಬಿದ್ದರೆ ಹದಿನೈದು ನಿಮಿಷ ಬಿಡದೆ ನೀರು ಹೊಯ್ದು ಆಸ್ಪತ್ರೆಗೆ ಓಡಿ. ಗ್ರೈಂಡರ್ ಹಿಡಿದಾಗ ಹಾರುವ ಗಾಜಿನ ಧೂಳಿಗೆ ಎನ್95 ಮಾಸ್ಕ್ ಸಾಕು, ಆದರೆ ರೆಸಿನ್ನಿನ ಹೊಗೆಗೆ ಅದು ಸಾಲದು, ಕಾರ್ಟ್ರಿಜ್ ಇರುವ ರಾಸಾಯನಿಕ ಮಾಸ್ಕೇ ಬೇಕು. ಕ್ಯಾಟಲಿಸ್ಟ್ ಬೆರೆಸಿ ಮಿಕ್ಕ ರೆಸಿನ್ ಡಬ್ಬದಲ್ಲೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಅದನ್ನು ಬಯಲಲ್ಲಿ ಮರಳಿನ ಮೇಲೆ ಇಡಿ.

ಹಿಂದಿನ ಹಲಗೆ ಬದಲಿಸುವುದು ಈ ಇಡೀ ಕೆಲಸದ ಜೀವಾಳ. ಬೋಟನ್ನು ಮರಳಿನ ಚೀಲ, ಹಳೇ ಟೈರ್‌ಗಳ ಮೇಲೆ ಸಮವಾಗಿ ಕೂರಿಸಿ, ಎಲ್ಲೂ ತಿರುಚಿಕೊಳ್ಳಬಾರದು. ತಿರುಚಿದ್ದಾಗ ಹೊಸ ಹಲಗೆ ಕೂರಿಸಿದರೆ ಆ ಸೊಟ್ಟ ಶಾಶ್ವತವಾಗಿ ಉಳಿಯುತ್ತದೆ. ಹೊರಗಿನ ಫೈಬರ್ ಪದರವನ್ನು ಮುಟ್ಟದೆ, ಒಳಗಿನ ಪದರವನ್ನು ಮಾತ್ರ ಸುತ್ತ ಎರಡು ಮೂರು ಇಂಚು ಅಂಚು ಬಿಟ್ಟು ಗ್ರೈಂಡರಿನಲ್ಲಿ ಕತ್ತರಿಸಿ ತೆಗೆಯಿರಿ. ಕೊಳೆತ ಮರವನ್ನೆಲ್ಲ ಉಳಿಯಿಂದ ಕೆತ್ತಿ ತೆಗೆಯಿರಿ, ಮೂಲೆಯಲ್ಲಿ ಚೂರೂ ಉಳಿಯಬಾರದು. ಆಮೇಲೆ ಹೊರ ಪದರದ ಒಳಮೈಯನ್ನು 36 ಅಥವಾ 40 ಗ್ರಿಟ್ಟಿನ ಉಜ್ಜುಕಾಗದದಲ್ಲಿ ಒರಟಾಗಿ ಉಜ್ಜಿ. ನುಣ್ಣಗಿನ ಮೈಗೆ ರೆಸಿನ್ ಹಿಡಿಯುವುದಿಲ್ಲ.

ಪ್ಲೈವುಡ್ ಐಎಸ್ 710 ಗುರುತಿನದ್ದೇ ಕೇಳಿ, ಅದೇ ಮರೈನ್ ಪ್ಲೈ. ಐಎಸ್ 303ರದ್ದು ಅಗ್ಗಕ್ಕೆ ಸಿಗುತ್ತದೆ, ಅದು ಮನೆಯೊಳಗಿನ ಪೀಠೋಪಕರಣಕ್ಕೆ. 18 ಮಿ.ಮೀ.ನ ಎರಡು ಹಾಳೆ ಅಂಟಿಸಿದರೆ ಈ ಗಾತ್ರದ ಎಂಜಿನ್ನಿಗೆ ಸಾಮಾನ್ಯವಾಗಿ ಸಾಕು, ಆದರೂ ಕಿತ್ತ ಹಳೇ ಹಲಗೆಯ ದಪ್ಪ ಅಳೆದು ಅಷ್ಟೇ ಇಡಿ. ಹಳೇದನ್ನು ಎಸೆಯುವ ಮೊದಲು ರಟ್ಟಿನ ಮೇಲೆ ಅದರ ಅಳತೆ ತಗೊಂಡಿರಬೇಕು. ಎತ್ತರವೂ ಮುಖ್ಯ: ಶಾರ್ಟ್ ಶಾಫ್ಟ್ ಎಂಜಿನ್ನಿಗೆ ಸುಮಾರು 15 ಇಂಚು, ಲಾಂಗ್ ಶಾಫ್ಟಿಗೆ 20 ಇಂಚು. ಪ್ಲೈಗೆ, ಅದರಲ್ಲೂ ಅಂಚುಗಳಿಗೆ, ಮೊದಲು ನಾರು ಬೆರೆಸದ (ಕ್ಯಾಟಲಿಸ್ಟ್ ಹಾಕಿದ) ರೆಸಿನ್ ಬಳಿದು ಮರ ಕುಡಿಯಲು ಬಿಡಿ. ಆಮೇಲೆ ರೆಸಿನ್ನಿಗೆ ಕತ್ತರಿಸಿದ ಗಾಜಿನ ನಾರು ಬೆರೆಸಿ ಗಟ್ಟಿ ಮುದ್ದೆ ಮಾಡಿ, ಅದನ್ನು ಧಾರಾಳವಾಗಿ ಹಚ್ಚಿ ಹಲಗೆಯನ್ನು ಒತ್ತಿ ಕೂರಿಸಿ, ಕ್ಲಾಂಪ್ ಬಿಗಿಯಿರಿ. ಅಂಚಿನಿಂದ ಮುದ್ದೆ ಸುತ್ತಲೂ ಹೊರಗೆ ಬರಬೇಕು. ಬರದ ಕಡೆ ಗಾಳಿ ಉಳಿದಿದೆ ಅಂತ ಅರ್ಥ, ನಾಳೆ ನೀರು ನಿಲ್ಲುವುದು ಅಲ್ಲೇ. ಮೂಲೆಗಳನ್ನು ಅದೇ ಮುದ್ದೆಯಿಂದ ದುಂಡಗೆ ತುಂಬಿ, ಚೂಪು ಮೂಲೆಗೆ ಮ್ಯಾಟ್, ಅಂದರೆ ಗಾಜಿನ ನಾರಿನ ಹಾಸು, ಕೂರುವುದಿಲ್ಲ.

ಮೇಲಿಂದ 450 ಗ್ರಾಮಿನ ಮ್ಯಾಟ್, ಅದರ ಮೇಲೆ 600 ಗ್ರಾಮಿನ ವೋವನ್ ರೋವಿಂಗ್ (ನೇಯ್ದ ಗಾಜಿನ ನಾರಿನ ಬಟ್ಟೆ; ಗ್ರಾಂ ಲೆಕ್ಕ ಚದರ ಮೀಟರಿಗೆ), ಮತ್ತೆ ಮ್ಯಾಟ್, ಹೀಗೆ ಹಳೇ ದಪ್ಪ ಬರುವವರೆಗೆ. ಪ್ರತಿ ಪದರವೂ ಪಕ್ಕದ ಗೋಡೆ ಮತ್ತು ತಳದ ಮೇಲೆ ನಾಲ್ಕೈದು ಇಂಚು ಹತ್ತಬೇಕು. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಬೇಕಾಗುತ್ತದೆ, ರೋವಿಂಗಿಗೆ ಹೆಚ್ಚುಕಡಿಮೆ ಸಮ ತೂಕ. ರೆಸಿನ್ ಜಾಸ್ತಿಯಾದರೆ ಬಲ ಹೆಚ್ಚುವುದಿಲ್ಲ, ಪೆಡಸಾಗಿ ಒಡೆಯುತ್ತದೆ. ಗಾಳಿಗುಳ್ಳೆಗಳನ್ನು ಕಬ್ಬಿಣದ ರೋಲರಿನಲ್ಲಿ ಒತ್ತಿ ತೆಗೆಯುತ್ತಿರಿ. ಕ್ಯಾಟಲಿಸ್ಟ್ ಸಾಮಾನ್ಯವಾಗಿ ಶೇ. 1ರಿಂದ 2, ಅಂದರೆ ಒಂದು ಕಿಲೋ ರೆಸಿನ್ನಿಗೆ 10ರಿಂದ 20 ಗ್ರಾಂ. ನಮ್ಮ ಸೆಖೆಗೆ ಕಡಿಮೆ ಅಳತೆಯೇ ಒಳ್ಳೆಯದು, ಆದರೆ ಡಬ್ಬದ ಮೇಲೆ ಬರೆದದ್ದಕ್ಕಿಂತ ಕೆಳಗೆ ಇಳಿಯಬೇಡಿ. ಒಂದು ಸಲಕ್ಕೆ ಅರ್ಧ ಕಿಲೋಗಿಂತ ಜಾಸ್ತಿ ಕಲಸಬೇಡಿ. ಅಡುಗೆ ಮನೆಯ ಡಿಜಿಟಲ್ ತಕ್ಕಡಿ ತರಹದ್ದು ಒಂದು ಇದಕ್ಕೇ ಅಂತ ಬೇರೆ ಇಟ್ಟುಕೊಳ್ಳಿ. ರೆಸಿನ್ನಿನಲ್ಲಿ ಐಸೋಫ್ತಾಲಿಕ್ ಸಿಕ್ಕರೆ ಅದೇ ತಗೊಳ್ಳಿ, ನೀರನ್ನು ಸಾಮಾನ್ಯ ರೆಸಿನ್ನಿಗಿಂತ ಚೆನ್ನಾಗಿ ತಡೆಯುತ್ತದೆ. ಎಪಾಕ್ಸಿ ಮರಕ್ಕೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ದುಬಾರಿ. ಒಂದು ನೆನಪಿರಲಿ, ಹಳೇ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ.

ಎಂಜಿನ್ ಬೋಲ್ಟಿನ ತೂತುಗಳನ್ನು ಸುಮ್ನೆ ಕೊರೆದು ಬೋಲ್ಟ್ ಹಾಕಿಬಿಡಬೇಡಿ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ಗಟ್ಟಿ ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಆಗ ನೀರು ನುಸುಳಿದರೂ ಮರ ಮುಟ್ಟುವುದಿಲ್ಲ. ಹಳೇ ಹಲಗೆ ಕೊಳೆತದ್ದೇ ಈ ಕೆಲಸ ಯಾರೂ ಮಾಡದಿದ್ದಕ್ಕೆ ಅಲ್ವಾ. ಬೋಲ್ಟ್, ವಾಷರ್ ಎಲ್ಲ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಸುತ್ತ ಪಾಲಿಯುರೆಥೇನ್ ಸೀಲಂಟ್ ಹಾಕಿ. ಸಿಲಿಕೋನ್ ಬೇಡ, ಅದು ತಾಗಿದ ಜಾಗದಲ್ಲಿ ಮುಂದೆ ಬಣ್ಣವೇ ನಿಲ್ಲುವುದಿಲ್ಲ.

ಮೈಮೇಲಿನ ಕೂದಲೆಳೆ ಗೆರೆಗಳಿಗೆ ಹೆದರಬೇಡಿ, ಬಹುತೇಕ ಅವು ಮೇಲಿನ ಹೊಳಪು ಪದರವಾದ ಜೆಲ್‌ಕೋಟಿನಲ್ಲಿ ಮಾತ್ರ. ಕೈಯಿಂದ ಒತ್ತಿದಾಗ ಜಾಗವೇ ಬಗ್ಗಿದರೆ ಒಳಗಿನ ನಾರು ತುಂಡಾಗಿದೆ. ಅಂಥ ಕಡೆ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು, ಅಂದರೆ ಮೈ 5 ಮಿ.ಮೀ. ದಪ್ಪವಿದ್ದರೆ ಬಿರುಕಿನ ಸುತ್ತ 60 ಮಿ.ಮೀ. ಇಷ್ಟೊಂದು ಉಜ್ಜಬೇಕಾ ಅನಿಸುತ್ತದೆ, ಆದರೆ ಹೊಸ ಪದರ ಹಿಡಿಯುವುದು ಆ ಇಳಿಜಾರನ್ನೇ ನಂಬಿ. ಉಜ್ಜುವ ಮೊದಲು ಅಸಿಟೋನಿನಿಂದ ಒರೆಸಿ, ಇಲ್ಲದಿದ್ದರೆ ಹಳೇ ಮೇಣ ನಾರಿನೊಳಗೆ ಇಳಿಯುತ್ತದೆ. ತಳದಲ್ಲಿ ಗುಳ್ಳೆಗಳಿದ್ದು, ಒಡೆದಾಗ ವಿನೆಗರ್ ವಾಸನೆಯ ನೀರು ಬಂದರೆ ಅವನ್ನೆಲ್ಲ ತೆರೆದು ತೊಳೆದು ವಾರಗಟ್ಟಲೆ ಒಣಗಿಸಿ ಎಪಾಕ್ಸಿ ತುಂಬಿ. ಕಾರಿನ ಬಾಡಿ ಪುಟ್ಟಿಯನ್ನು ನೀರಿನ ಮಟ್ಟದ ಕೆಳಗೆ ಹಾಕಲೇಬೇಡಿ, ಅದು ನೀರು ಹೀರುತ್ತದೆ. ಅಡ್ಡ ಹಲಗೆಗಳ ಕೆಳಗಿನ ಫೋಮ್ ನೆಂದಿದ್ದರೆ ಕಿತ್ತು ಹೊಸದು ತುಂಬಿ. ದೋಣಿಗೆ ನೀರು ತುಂಬಿದಾಗ ಮುಳುಗದಂತೆ ಹಿಡಿಯುವುದು ಅದೇ ಫೋಮ್.

ಎಂಜಿನ್ ವಿಷಯಕ್ಕೆ ಬಂದರೆ, ನೀರಿಲ್ಲದೆ ಸ್ವಲ್ಪ ಹೊತ್ತು ಕೂಡ ಸ್ಟಾರ್ಟ್ ಮಾಡಬೇಡಿ. ತಂಪು ಮಾಡುವ ಪಂಪಿನೊಳಗೆ ಇಂಪೆಲರ್ ಅನ್ನುವ ರಬ್ಬರಿನ ರೆಕ್ಕೆಚಕ್ರ ಇದೆ, ಒಣಗಿ ತಿರುಗಿದರೆ ಸುಟ್ಟುಹೋಗುತ್ತದೆ. 200 ಲೀಟರಿನ ಡ್ರಮ್ಮಿನಲ್ಲಿ ನೀರು ತುಂಬಿ ಎಂಜಿನ್ನಿನ ಕಾಲು ಇಳಿಸಿ. ಬಹಳ ದಿನ ನಿಂತ ಎಂಜಿನ್ನಾದರೆ ಪ್ಲಗ್ ಬಿಚ್ಚಿ ಸ್ವಲ್ಪ ಎಣ್ಣೆ ಬಿಟ್ಟು ಒಂದು ದಿನ ಬಿಟ್ಟು ಕೈಯಿಂದ ಮೆಲ್ಲಗೆ ತಿರುಗಿಸಿ. ಎರಡು ಸಿಲಿಂಡರ್ ಇದ್ದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯುವ ಗೇಜ್ ಹಾಕಿಸಿ, ಎರಡರ ನಡುವೆ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಕೆಳಗಿನ ಗೇರ್ ಆಯಿಲ್ ಇಳಿಸಿ ನೋಡಿ, ಬೆಳ್ಳಗಾಗಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ಒತ್ತಿ, ಮೇಲಿನ ತೂತಿನಲ್ಲಿ ಬರುವವರೆಗೆ ತುಂಬಬೇಕು. ಇಂಪೆಲರ್ ಹೇಗೇ ಇರಲಿ, ಹೊಸದು ಹಾಕಿ. ಸ್ಟಾರ್ಟ್ ಆದ ಮೇಲೆ ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತಲೇ ಇರಬೇಕು, ನಿಂತರೆ ತಕ್ಷಣ ಆಫ್ ಮಾಡಿ.

ನಮ್ಮ ಕರಾವಳಿಯ ಹಳೇ ಎಂಜಿನ್ನುಗಳಲ್ಲಿ ಎಷ್ಟೋ ಸೀಮೆಎಣ್ಣೆಯವು. ಅವುಗಳ ಕಂಪ್ರೆಷನ್ನೇ ಕಡಿಮೆ, ಪೆಟ್ರೋಲ್ ಎಂಜಿನ್ನಿನ ಅಂಕಿ ಹಿಡಿದು ಕೆಟ್ಟಿದೆ ಅಂದುಕೊಳ್ಳಬೇಡಿ. ಪೆಟ್ರೋಲಿನ ಟೂ-ಸ್ಟ್ರೋಕ್‌ಗಳಲ್ಲಿ ಬಹಳಷ್ಟಕ್ಕೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿ.ಲೀ. ಎಣ್ಣೆ. ಅದು ಟಿಸಿ-ಡಬ್ಲ್ಯು3 ಗುರುತಿನ ಔಟ್‌ಬೋರ್ಡ್ ಎಣ್ಣೆಯೇ ಆಗಿರಲಿ, ಬೈಕಿನ 2ಟಿ ಬೇಡ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ, ಅದು ಗಾಳಿಯ ತೇವ ಹೀರಿಕೊಂಡು ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುತ್ತದೆ, ಹಳೇ ರಬ್ಬರ್ ಪೈಪನ್ನೂ ತಿನ್ನುತ್ತದೆ. ಪೈಪ್, ಪಂಪಿನ ಬಲ್ಬ್ ಹೊಸದು ಹಾಕಿ, ತಿಂಗಳುಗಟ್ಟಲೆ ಪೆಟ್ರೋಲ್ ಬಿಡಬೇಡಿ. ಎಂಜಿನ್ನಿನ ಲೋಹದ ಬದಲು ತಾನು ಸವೆಯಲೆಂದು ಕಾಲಿಗೆ ಕಟ್ಟಿದ ಸತುವಿನ ತುಂಡು ಅರ್ಧ ಸವೆದಿದ್ದರೆ ಬದಲಿಸಿ, ಅದರ ಮೇಲೆ ಬಣ್ಣ ಬಳಿಯಬೇಡಿ, ಬಳಿದರೆ ಅದು ಕೆಲಸ ಮಾಡುವುದಿಲ್ಲ.

ಬಣ್ಣದ ಸರದಿ ಈಗ. ಜೆಲ್‌ಕೋಟ್ ಬರೀ ಮಂಕಾಗಿದ್ದರೆ 600, 800, 1000 ಗ್ರಿಟ್ಟಿನಲ್ಲಿ ನೀರು ಹಾಕಿ ಉಜ್ಜಿ ಪಾಲಿಶ್ ಮಾಡುವ ಕಾಂಪೌಂಡ್ ಹಚ್ಚಿದರೆ ಹೊಳಪು ಬರುತ್ತದೆ. ಪೂರ್ತಿ ಸವೆದಿದ್ದರೆ ಎಪಾಕ್ಸಿ ಪ್ರೈಮರ್ ಮೇಲೆ ಟೂ-ಪ್ಯಾಕ್ ಪಿಯು (ಎರಡು ಡಬ್ಬ ಬೆರೆಸಿ ಹಚ್ಚುವ ಪಾಲಿಯುರೆಥೇನ್) ಪೇಂಟ್. ಮನೆಯ ಬಾಗಿಲಿನ ಎನಾಮಲ್ ನೀರಲ್ಲಿ ಸಿಪ್ಪೆ ಏಳುತ್ತದೆ. ಬೋಟನ್ನು ದಡಕ್ಕೆ ಎಳೆದಿಡುವವರಿಗೆ ಚಿಪ್ಪು ಕಟ್ಟದ ಆಂಟಿಫೌಲಿಂಗ್ ಬೇಕಿಲ್ಲ, ನೀರಲ್ಲೇ ಬಿಡುವವರಿಗೆ ಬೇಕು.

ನೀರಿಗಿಳಿಸುವ ಮೊದಲು ದಡದಲ್ಲೇ ಒಳಗೆ ಒಂದಷ್ಟು ಬಕೆಟ್ ನೀರು ಹೊಯ್ದು ಹೊರಗೆಲ್ಲಾದರೂ ಜಿನುಗುತ್ತದಾ ನೋಡಿ. ಆಮೇಲೆ ನೀರು ಬಸಿಯುವ ಬಿರಡೆ ಹಾಕಿದ್ದೀರಾ ಅಂತ ಇನ್ನೊಮ್ಮೆ ನೋಡಿ. ಮೊದಲ ಓಡಾಟ ನದಿಯಲ್ಲೇ ಇರಲಿ, ಉಬ್ಬರ ತುಂಬಿ ನೀರು ನಿಂತ ಹೊತ್ತಿನಲ್ಲಿ. ಅಳಿವೆ ಬಾಗಿಲ ಕಡೆ ಹೋಗಬೇಡಿ, ಅಲ್ಲಿ ಅಲೆ ಒಡೆಯುವ ರೀತಿ ಪಳಗಿದವರಿಗೇ ಕಷ್ಟ. ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ಅದೂ ಮೈಮೇಲೆ. ಹುಟ್ಟು, ಲಂಗರು, ಹಗ್ಗ, ನೀರು ಎತ್ತಿ ಚೆಲ್ಲುವ ಡಬ್ಬ ಜೊತೆಗಿರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ದಡದಲ್ಲಿ ಒಬ್ಬರಿಗೆ ಹೇಳಿ ಹೋಗಿ. ವಾಪಸು ಬಂದ ಮೇಲೆ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿ ಉಪ್ಪು ತೊಳೆಯಿರಿ, ಹಿಂದಿನ ಹಲಗೆಯ ಬೋಲ್ಟುಗಳನ್ನು ಒಂದೊಂದಾಗಿ ಸ್ಪ್ಯಾನರ್ ಹಾಕಿ ನೋಡಿ, ಸಡಿಲಾಗಿದ್ದರೆ ಬಿಗಿಯಿರಿ.