ಬಾಲ್ ಪೈಥಾನ್‌ಗೆ ಮನೆಯೊಳಗೊಂದು ಹುತ್ತ

"ಹಾವು ಊಟ ಮಾಡ್ತಿಲ್ಲ, ಏನ್ ಮಾಡ್ಲಿ?" ಬಾಲ್ ಪೈಥಾನ್ ಅನ್ನುವ ಆಫ್ರಿಕಾದ ಸಣ್ಣ ಹೆಬ್ಬಾವನ್ನು ಸಾಕಲು ತಂದ ಹೊಸಬರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ. ನಾನು ತಿರುಗಿ ಕೇಳುವುದು ಹಾವು ಇಟ್ಟಿರುವ ಪೆಟ್ಟಿಗೆಯ ಬಗ್ಗೆ. ಬಿಸಿ ಕಡೆ ಎಷ್ಟು ಡಿಗ್ರಿ ಇದೆ? ತಂಪು ಕಡೆ ಎಷ್ಟು? ತೇವಾಂಶ ಎಷ್ಟು? ಅಡಗಿಕೊಳ್ಳಲು ಏನಿಟ್ಟಿದ್ದೀರಿ? ಊಟ ಬಿಡುವುದು, ಪೊರೆ ಚೂರುಚೂರಾಗಿ ಬರುವುದು, ಉಸಿರಾಟದ ತೊಂದರೆ, ಇವೆಲ್ಲ ಸಾಮಾನ್ಯವಾಗಿ ಪೆಟ್ಟಿಗೆಯಿಂದ ಶುರುವಾಗುತ್ತವೆ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ: ಮೊದಲು ಪೆಟ್ಟಿಗೆ ಸಿದ್ಧ ಮಾಡಿ, ಒಂದು ವಾರ ಖಾಲಿ ಓಡಿಸಿ, ಅಂಕಿಗಳು ನಿಂತ ಮೇಲೆ ಹಾವು ತನ್ನಿ.

ನಾನು ಹಾಸನದ ಕಡೆಯವನು. ಈಗ ಅಮೆರಿಕದ ಮಿನಿಯಾಪೊಲಿಸ್ ಪಕ್ಕದಲ್ಲಿ ಸಂಸಾರದ ಜೊತೆ ಇದ್ದೇನೆ. ನಮ್ಮ ಹಾವಿನ ಹೆಸರು ಮುದ್ದೆ. ಹೆದರಿದಾಗ ತಲೆ ಒಳಗೆ ಎಳೆದುಕೊಂಡು ಗಟ್ಟಿ ಉಂಡೆಯಾಗುತ್ತದೆ, ಮೈಬಣ್ಣವೂ ಹೆಚ್ಚುಕಡಿಮೆ ರಾಗಿಯದೇ. ಮಗಳು ಇಟ್ಟ ಹೆಸರು.

ಮುಂದೆ ಹೋಗುವ ಮೊದಲು ಊರಲ್ಲಿರುವವರಿಗೆ ಒಂದು ಮಾತು. ನಮ್ಮ ದೇಶದ ಯಾವ ಹೆಬ್ಬಾವನ್ನೂ ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ ಕಡೆಯ ಹಾವು. ಅದರ ವ್ಯಾಪಾರಕ್ಕೆ ಸೈಟೀಸ್, ಅಂದರೆ ಕಾಡುಪ್ರಾಣಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದ ಎರಡನೇ ಪಟ್ಟಿಯ ನಿಯಮಗಳಿವೆ. 2024ರಲ್ಲಿ ಬಂದ ನಿಯಮದಂತೆ ಭಾರತದಲ್ಲಿ ಇಂಥ ವಿದೇಶಿ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕಾಗದಪತ್ರ ಇಲ್ಲದೆ "ಅಗ್ಗಕ್ಕೆ ಕೊಡ್ತೀನಿ" ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್ ಸಿಕ್ಕವು. ಜೊತೆಗೆ ಕಾಳಿಂಗ ಸರ್ಪಗಳೂ ಇದ್ದವು. ಅದೇ ಸಾಮಾನಿನಲ್ಲಿದ್ದ ಕೋತಿಗಳು ಸತ್ತಿದ್ದವು. ಕೊಳ್ಳುವವರು ಇರುವುದರಿಂದಲೇ ಈ ಸಾಗಾಟ ನಡೆಯುವುದು, ಅಲ್ವಾ?

ಅಮೆರಿಕದಲ್ಲೂ ಎಲ್ಲ ಕಡೆ ಒಂದೇ ನಿಯಮ ಇಲ್ಲ. ಹವಾಯಿಯಲ್ಲಿ ಹಾವು ಸಾಕುವಂತಿಲ್ಲ. ನ್ಯೂಯಾರ್ಕ್ ನಗರದಲ್ಲಿ ಪೈಥಾನ್‌ಗಳಿಗೆ ಅವಕಾಶ ಇಲ್ಲ. ಬಾಡಿಗೆ ಮನೆಯಾದರೆ ಕರಾರು ಪತ್ರ ಓದಿ.

ಹುತ್ತದ ಲೆಕ್ಕ

ಘಾನಾ, ಟೋಗೊ, ಬೆನಿನ್ ಕಡೆಯ ಹುಲ್ಲುಗಾವಲಲ್ಲಿ ಈ ಹಾವು ಹಗಲೆಲ್ಲ ಇಲಿ ಬಿಲದಲ್ಲೋ ಗೆದ್ದಲು ಹುತ್ತದಲ್ಲೋ ಇರುತ್ತದೆ. ಬೇಟೆಗೆ ಹೊರಡುವುದು ರಾತ್ರಿ. ಹುತ್ತದೊಳಗೆ ಹೇಗಿರುತ್ತದೆ ಅಂತ ನಮ್ಮ ಊರಿನವರಿಗೆ ಹೇಳಿಕೊಡಬೇಕಿಲ್ಲ. ಕತ್ತಲು, ಇಕ್ಕಟ್ಟು, ಹದವಾದ ಬಿಸಿ, ಮಣ್ಣಿನ ತೇವ. ನೀವು ತರುವ ಪೆಟ್ಟಿಗೆ ಈ ನಾಲ್ಕನ್ನೂ ಕೊಡಬೇಕು. ಏನೇ ಅನುಮಾನ ಬಂದರೂ ನಾನು ಹುತ್ತವನ್ನು ನೆನೆದು ಉತ್ತರ ಹುಡುಕುತ್ತೇನೆ. ಬೆನಿನ್‌ನ ವೀಡಾ ಪಟ್ಟಣದಲ್ಲಿ ಇದೇ ಹಾವುಗಳಿಗೆ ಒಂದು ಗುಡಿಯೇ ಇದೆ. ಅಲ್ಲಿನವರು ಇವನ್ನು ಕೊಲ್ಲುವುದಿಲ್ಲ, ಮನೆಗೆ ಬಂದರೆ ಮರ್ಯಾದೆಯಿಂದ ಕಾಣುತ್ತಾರೆ. ನಾಗರಪಂಚಮಿ ಮಾಡಿ ಬೆಳೆದ ನನಗೆ ಇದು ತುಂಬಾ ಹತ್ತಿರದ ವಿಷಯ ಅನಿಸಿತು.

ದೊಡ್ಡ ಹಾವಿಗೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಪೆಟ್ಟಿಗೆ ಬೇಕು. ಹೆಣ್ಣು 4ರಿಂದ 5 ಅಡಿ ಬೆಳೆಯುತ್ತದೆ, ಗಂಡು ಸ್ವಲ್ಪ ಚಿಕ್ಕದು. ಮೇಲೆ ಜಾಲರಿ ಇರುವ ಗಾಜಿನ ತೊಟ್ಟಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಬಿಸಿಯೂ ತೇವವೂ ಜಾಲರಿಯಿಂದ ಹೊರಗೆ ಹೋಗುತ್ತವೆ. ನಮ್ಮಲ್ಲಿ ಚಳಿಗಾಲದಲ್ಲಿ ಮನೆಯ ಹೀಟರ್ ಹಗಲು ರಾತ್ರಿ ಓಡುತ್ತದೆ, ತುಟಿ ಒಡೆಯುವಷ್ಟು ಒಣ ಗಾಳಿ. ಅದಕ್ಕೇ ನಾನು ಮುಂದೆ ಬಾಗಿಲಿರುವ ಪಿವಿಸಿ ಪೆಟ್ಟಿಗೆ ತೆಗೆದುಕೊಂಡೆ. ಬಾಗಿಲು ಮುಂದಿದ್ದರೆ ಇನ್ನೊಂದು ಅನುಕೂಲ: ಮೇಲಿನಿಂದ ಕೈ ಇಳಿದರೆ ಹಾವಿಗೆ ಹದ್ದು ಎರಗಿದ ಹಾಗೆ, ಪಕ್ಕದಿಂದ ಬಂದರೆ ಅಷ್ಟು ಹೆದರುವುದಿಲ್ಲ.

ಬಿಸಿ ಒಂದೇ ಮೂಲೆಯಲ್ಲಿ ಇರಬೇಕು. ಹಾವು ತನಗೆ ಬೇಕಾದಾಗ ಬಿಸಿ ಕಡೆ, ಸಾಕಾದಾಗ ತಂಪು ಕಡೆ ಹೋಗುತ್ತದೆ. ಬಿಸಿ ಮೂಲೆಯ ನೆಲ 32ರಿಂದ 34 ಡಿಗ್ರಿ ಸೆಲ್ಸಿಯಸ್ ಇರಲಿ, ತಂಪು ಕಡೆ 24ರಿಂದ 27. ರಾತ್ರಿಯೂ 22ಕ್ಕಿಂತ ಕೆಳಗೆ ಇಳಿಯಬಾರದು. ಸೆರಾಮಿಕ್ ಹೀಟರ್, ಚಾವಣಿಗೆ ಹಾಕುವ ಹೀಟ್ ಪ್ಯಾನೆಲ್, ಹಾಲೊಜೆನ್ ಬಲ್ಬ್, ಯಾವುದಾದರೂ ಆಗಲಿ, ಥರ್ಮೋಸ್ಟಾಟ್ (ಬಿಸಿಯನ್ನು ಹದದಲ್ಲೇ ನಿಲ್ಲಿಸುವ ಸಾಧನ) ಇಲ್ಲದೆ ಪ್ಲಗ್ ಹಾಕಲೇಬೇಡಿ. ಥರ್ಮೋಸ್ಟಾಟ್ ಇಲ್ಲದ ಹೀಟ್ ಮ್ಯಾಟ್ ಹಾವಿನ ಹೊಟ್ಟೆ ಸುಡುತ್ತದೆ, ಸುಡುವಾಗ ಹಾವು ಬೇಗ ಎದ್ದು ಹೋಗುವುದೂ ಇಲ್ಲ. ಕರೆಂಟ್‌ನಲ್ಲಿ ಬಿಸಿಯಾಗುವ ಕಲ್ಲು ಅಂತ ಮಾರುತ್ತಾರಲ್ಲ, ಅದು ಬೇಡವೇ ಬೇಡ. ಪೆಟ್ಟಿಗೆಯೊಳಗಿನ ಬಲ್ಬ್ ಅಥವಾ ಹೀಟರ್‌ಗೆ ಜಾಲರಿ ಗೂಡು ಹಾಕಿ, ಇಲ್ಲದಿದ್ದರೆ ಹಾವು ಅದಕ್ಕೇ ಸುತ್ತಿಕೊಳ್ಳುತ್ತದೆ.

ಅಂಟಿಸುವ ಮುಳ್ಳಿನ ಮೀಟರ್ ನಂಬಬೇಡಿ. ತಂತಿಯ ತುದಿಯಲ್ಲಿ ಪ್ರೋಬ್ ಇರುವ ಡಿಜಿಟಲ್ ಮೀಟರ್ ಎರಡು ತನ್ನಿ, ಬಿಸಿ ಕಡೆ ಒಂದು, ತಂಪು ಕಡೆ ಒಂದು. ನೆಲದ ಬಿಸಿ ನೋಡಲು ಇನ್ಫ್ರಾರೆಡ್ ಗನ್ ಇದ್ದರೆ ಒಳ್ಳೆಯದು. ಹಾವಿಗೆ ಕೊಟ್ಟ ದುಡ್ಡಿಗಿಂತ ಈ ಸಾಮಾನುಗಳಿಗೇ ಜಾಸ್ತಿ ಆಗುತ್ತದೆ. ಆಗಲಿ. ಮೊದಲೇ ಲೆಕ್ಕ ಹಾಕಿಕೊಂಡು ಬನ್ನಿ.

ತೇವಾಂಶ ಶೇಕಡ 60ರಿಂದ 80. ಇದಕ್ಕೆ ನಮ್ಮ ತೆಂಗಿನ ನಾರೇ ಗತಿ. ಒಣಗಿಸಿ ಇಟ್ಟಿಗೆಯಂತೆ ಒತ್ತಿದ ನಾರಿನ ಪುಡಿ ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ, ಹೆಚ್ಚಿನದು ಭಾರತ ಇಲ್ಲವೇ ಶ್ರೀಲಂಕಾದಿಂದ ಬಂದದ್ದು. ಬಿಸಿನೀರಲ್ಲಿ ನೆನೆಸಿದರೆ ಉಬ್ಬುತ್ತದೆ. ಅದಕ್ಕೆ ದಪ್ಪ ನಾರಿನ ತುಂಡು ಬೆರೆಸಿ 3-4 ಅಂಗುಲ ಹಾಕಿ. ದೇವದಾರು ಜಾತಿಯ ಮರದ ಹೊಟ್ಟು ಬೇಡ, ಅದರ ಎಣ್ಣೆ ಹಾವಿಗೆ ಆಗುವುದಿಲ್ಲ. ಎಲ್ಲರೂ ಸ್ಪ್ರೇ ಬಾಟಲಿ ಹಿಡಿದು ದಿನಾ ಚಿಮುಕಿಸುತ್ತಾರೆ. ಅದು ಅರ್ಧ ಗಂಟೆ ಮೀಟರ್ ಏರಿಸುತ್ತದೆ, ಮತ್ತೆ ಇಳಿಯುತ್ತದೆ. ಅದರ ಬದಲು ನಾಲ್ಕು ಮೂಲೆಗೂ ಒಂದೊಂದು ಲೋಟ ನೀರು ಸುರಿಯಿರಿ. ಅಡಿಯ ಪದರ ಒದ್ದೆ, ಮೇಲಿನ ಪದರ ಒಣಗಿರುತ್ತದೆ, ತೇವ ನಿಧಾನಕ್ಕೆ ಮೇಲೇರುತ್ತದೆ. ಮೇಲಿನ ಪದರವೇ ಸದಾ ಒದ್ದೆ ಇದ್ದರೆ ಹೊಟ್ಟೆಯ ಹುರುಪೆ ಕೊಳೆಯಲು ಶುರುವಾಗುತ್ತದೆ.

ಅಡಗುಗೂಡು ಕನಿಷ್ಠ ಎರಡು ಬೇಕು, ಎರಡೂ ಒಂದೇ ಥರದವು. ಒಂದು ಬಿಸಿ ಕಡೆ, ಒಂದು ತಂಪು ಕಡೆ. ಒಂದೇ ಇಟ್ಟರೆ ಹಾವು ಧೈರ್ಯ ಮತ್ತು ಬಿಸಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ, ಅದು ತಪ್ಪು. ಗೂಡು ಇಕ್ಕಟ್ಟಾಗಿರಲಿ, ಸುತ್ತಿ ಕೂತಾಗ ಮೈ ಎರಡೂ ಕಡೆ ಗೋಡೆಗೆ ತಾಗಬೇಕು. ಅಂಗಡಿಯ ಅಂದದ ಅರ್ಧ ಮರದ ದಿಮ್ಮಿ ಎರಡೂ ಕಡೆ ತೆರೆದಿರುತ್ತದೆ, ಅದು ಗೂಡಲ್ಲ. ಉಳಿದ ಖಾಲಿ ಜಾಗದಲ್ಲಿ ಪ್ಲಾಸ್ಟಿಕ್ ಎಲೆ, ಗಟ್ಟಿ ಕೊಂಬೆ ತುಂಬಿಸಿ. ಬಯಲಾಗಿ ಬಿಟ್ಟರೆ ಓಡಾಡುವುದೇ ಇಲ್ಲ. ಜನ ಇದು ಮರ ಹತ್ತದ ಹಾವು ಅನ್ನುತ್ತಾರೆ. ಮುದ್ದೆ ರಾತ್ರಿ ಹನ್ನೊಂದರ ಮೇಲೆ ಕೊಂಬೆ ಮೇಲೇ ಇರುತ್ತದೆ, ಗಂಡು ಬಾಲ್ ಪೈಥಾನ್‌ಗಳು ಕಾಡಿನಲ್ಲೂ ಮರ ಹತ್ತುತ್ತವೆ.

ಬೀಗ ಹಾಕಿ. ಹಾವಿಗೆ ಮೂಗು ತೂರುವಷ್ಟು ಸಂದು ಸಾಕು. ಒಂದೇ ಪೆಟ್ಟಿಗೆಯಲ್ಲಿ ಎರಡು ಹಾವು ಇಡಬೇಡಿ, ಅವಕ್ಕೆ ಜೊತೆ ಬೇಕಿಲ್ಲ.

ಊಟ

ವಿಡಿಯೊ ಕಾಲ್‌ನಲ್ಲಿ ಮುದ್ದೆಯನ್ನು ನೋಡಿದ ಅಮ್ಮ ಮೊದಲು ಕೇಳಿದ್ದು, "ಹಾಲು ಕುಡಿಯುತ್ತೇನೋ?" ಅಂತ. ಇಲ್ಲ. ಹಾವಿಗೆ ಹಾಲು ಅರಗುವುದಿಲ್ಲ. ಭಾರದ ಬಟ್ಟಲಲ್ಲಿ ಶುದ್ಧ ನೀರು ಸದಾ ಇರಬೇಕು, ಊಟಕ್ಕೆ ಇಲಿಯೇ ಬೇಕು. ಇದಕ್ಕೆ ಒಪ್ಪದ ಮನೆಯವರು ಈ ಹಾವು ತರಬಾರದು. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ನನ್ನ ಹೆಂಡತಿ ಸಸ್ಯಾಹಾರಿ. ಹಾವು ತರುವ ಮೊದಲೇ ಇಬ್ಬರೂ ಕೂತು ಮಾತಾಡಿ ಬೇಸ್‌ಮೆಂಟ್‌ನಲ್ಲಿ ಒಂದು ಪುಟ್ಟ ಫ್ರೀಜರ್ ಇಟ್ಟೆವು. ಇಲಿ, ಇಕ್ಕಳ, ತಟ್ಟೆ, ತೂಕದ ಯಂತ್ರ ಯಾವುದೂ ಅಡುಗೆಮನೆಗೆ ಬರುವುದಿಲ್ಲ.

ಹೆಪ್ಪುಗಟ್ಟಿದ ಇಲಿಯನ್ನೇ ಕೊಡಿ. ಜೀವಂತ ಇಲಿ ಕೊಟ್ಟರೆ ಅದು ಹೆದರಿ ಹಾವನ್ನು ಕಚ್ಚುತ್ತದೆ, ಕಣ್ಣು ಹೋದ ಹಾವುಗಳಿವೆ. ಹಿಂದಿನ ರಾತ್ರಿ ಆ ಫ್ರೀಜರ್‌ನಿಂದ ತೆಗೆದು ತಂಪಾದ ಕಡೆ ಮುಚ್ಚಿಟ್ಟು ಕರಗಿಸಿ, ನಾವು ಇದಕ್ಕೇ ಅಂತ ಒಂದು ಮಿನಿ ಫ್ರಿಜ್ ಇಟ್ಟಿದ್ದೇವೆ. ಕೊಡುವ ಹೊತ್ತಿಗೆ ಜಿಪ್ ಕವರ್‌ನಲ್ಲಿ ಹಾಕಿ ಬಿಸಿನೀರಲ್ಲಿ ಮುಳುಗಿಸಿ. ಮೈಕ್ರೋವೇವ್ ಬೇಡ. ಈ ಹಾವಿನ ಮೇಲ್ದುಟಿಯಲ್ಲಿ ಶಾಖ ಗುರುತಿಸುವ ಗುಳಿಗಳಿವೆ, ಇಲಿಯ ತಲೆ 38 ಡಿಗ್ರಿಯಷ್ಟು ಬೆಚ್ಚಗಿದ್ದರೆ ಮಾತ್ರ ಅದನ್ನು ಊಟ ಅಂತ ಒಪ್ಪುತ್ತದೆ. ಉದ್ದ ಇಕ್ಕಳದಲ್ಲಿ ಹಿಡಿದು, ದೀಪ ಆರಿಸಿ, ಗೂಡಿನ ಬಾಯಿ ಹತ್ತಿರ ಮೆಲ್ಲಗೆ ಆಡಿಸಿ.

ಮರಿಗೆ ಅದರ ತೂಕದ ಶೇಕಡ 10ರಿಂದ 15ರಷ್ಟು ತೂಗುವ ಇಲಿ, ವಾರಕ್ಕೊಮ್ಮೆ. ದೊಡ್ಡದಾದ ಮೇಲೆ ಶೇಕಡ 5ರ ಒಳಗೆ, 3ರಿಂದ 5 ವಾರಕ್ಕೊಮ್ಮೆ ಸಾಕು. ಪ್ರೀತಿಯಿಂದ ಜಾಸ್ತಿ ಹಾಕಿ ಬೊಜ್ಜು ಬರಿಸಬೇಡಿ. ಊಟವಾದ ಮೇಲೆ 48 ಗಂಟೆ ಮುಟ್ಟಬೇಡಿ, ಮುಟ್ಟಿದರೆ ಕಕ್ಕುತ್ತದೆ.

ಇನ್ನು ಊಟ ಬಿಡುವ ವಿಷಯ. ಹೊಸ ಮನೆಗೆ ಬಂದ ಮರಿ ಒಂದೆರಡು ವಾರ ತಿನ್ನದಿರಬಹುದು. ಬೆಳೆದ ಗಂಡು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬಿಡುತ್ತದೆ. ಪೊರೆ ಬಿಡುವ ಮೊದಲೂ ಬಿಡುತ್ತದೆ. ಆಗ ಮಾಡಬೇಕಾದದ್ದು: ಮೀಟರ್ ನೋಡಿ, ಗೂಡು ನೋಡಿ, ಎತ್ತಿ ಆಡಿಸುವುದು ನಿಲ್ಲಿಸಿ, ಹತ್ತು ದಿನ ಬಿಟ್ಟು ಮತ್ತೆ ಕೊಡಿ. ದಿನಾ ಇಲಿ ತೋರಿಸಿದರೆ ಇನ್ನೂ ಹೆದರುತ್ತದೆ. ವಾರಕ್ಕೊಮ್ಮೆ ತೂಕ ಬರೆದಿಡಿ. ತೂಕ ನಿಂತಿದ್ದರೆ ತಾಳ್ಮೆ ಸಾಕು. ಶೇಕಡ 10ರಷ್ಟು ಇಳಿದರೆ ಡಾಕ್ಟರ್ ಹತ್ತಿರ ಹೋಗಿ. ಕೊಳ್ಳುವಾಗಲೇ ಇದಕ್ಕೆ ಅರ್ಧ ಪರಿಹಾರ ಇದೆ. ಸಾಕಣೆಯಲ್ಲೇ ಹುಟ್ಟಿದ ಮರಿಯನ್ನು ತನ್ನಿ, ಹೆಪ್ಪುಗಟ್ಟಿದ ಇಲಿ ತಿನ್ನುವುದನ್ನು ಕಣ್ಣಾರೆ ನೋಡಿ. ಕಾಡಿನಿಂದ ಹಿಡಿದು ತಂದವು ಹುಳ, ಉಣ್ಣೆಗಳ ಜೊತೆ ಬರುತ್ತವೆ, ಊಟಕ್ಕೂ ತುಂಬಾ ಕಾಡುತ್ತವೆ. ಬಣ್ಣಕ್ಕೆ ಮರುಳಾಗಿ ಸ್ಪೈಡರ್ ಅನ್ನುವ ತಳಿ ತರಬೇಡಿ. ಆ ಬಣ್ಣದ ಜೊತೆಗೇ ತಲೆ ತೂಗಾಡುವ ನರದ ದೋಷ ಬರುತ್ತದೆ.

ಮುಟ್ಟುವುದು, ಪೊರೆ, ಕಾಯಿಲೆ

ತಂದ ಮೇಲೆ ಎರಡು ವಾರ ಸುಮ್ನೆ ಬಿಡಿ. ಎರಡು ಮೂರು ಸಲ ಊಟ ಮಾಡಿದ ಮೇಲೆ ಎತ್ತಿಕೊಳ್ಳಿ. ಕೈ ತೊಳೆದುಕೊಂಡು, ಸುರುಳಿ ಸುತ್ತಿದ ಪೇಪರ್‌ನಿಂದ ಮೈಗೆ ಮೆಲ್ಲಗೆ ತಾಗಿಸಿ, ಇದು ಊಟದ ಹೊತ್ತಲ್ಲ ಅಂತ ತಿಳಿಸಿ, ಆಮೇಲೆ ನಡುಮೈಗೆ ಎರಡೂ ಕೈ ಕೊಟ್ಟು ಎತ್ತಿ. ಹತ್ತು ಹದಿನೈದು ನಿಮಿಷ ಸಾಕು. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಹಾವುಗಳಲ್ಲಿ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರುತ್ತದೆ. 5 ವರ್ಷದೊಳಗಿನ ಮಕ್ಕಳು, ತುಂಬಾ ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಮುಟ್ಟದಿರುವುದೇ ಒಳ್ಳೆಯದು.

ಪೊರೆ ಬರುವ ಮೊದಲು ಮೈ ಮಂಕಾಗಿ ಕಣ್ಣು ಹಾಲುನೀಲಿ ಆಗುತ್ತದೆ. ಕೆಲವು ದಿನಕ್ಕೆ ಕಣ್ಣು ತಿಳಿಯಾಗಿ, ಆಮೇಲೆ ಪೊರೆ ಬಿಡುತ್ತದೆ. ಮೂಗಿನಿಂದ ಬಾಲದವರೆಗೆ ಒಂದೇ ತುಂಡಾಗಿ ಬಂದರೆ ನಿಮ್ಮ ತೇವಾಂಶ ಸರಿ ಇದೆ. ಚೂರುಚೂರಾಗಿ ಬಂದರೆ ಕಡಿಮೆ ಇದೆ. ಉಳಿದ ಚೂರನ್ನು ಒದ್ದೆ ಬಟ್ಟೆಯ ಮಧ್ಯೆ ಹರಿದಾಡಲು ಬಿಟ್ಟು ತೆಗೆಯಬಹುದು. ಕಣ್ಣಿನ ಮೇಲಿನ ಪೊರೆ ಮಾತ್ರ ಉಗುರಿನಿಂದ ಕೀಳಬೇಡಿ. ಕಣ್ಣೇ ಹಾಳಾಗುತ್ತದೆ.

ಉಸಿರಾಡುವಾಗ ಸೀಟಿ ಶಬ್ದ, ಮೂಗಲ್ಲಿ ಗುಳ್ಳೆ, ಬಾಯಿ ತೆರೆದು ತಲೆ ಮೇಲೆತ್ತಿ ಕೂರುವುದು, ಇವು ಕಂಡರೆ ಕಾಯಬೇಡಿ. ನೀರಿನ ಬಟ್ಟಲಲ್ಲೇ ದಿನವಿಡೀ ಮುಳುಗಿದ್ದರೆ ನೀರಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿ ಇದೆಯೇ ನೋಡಿ. ಅವು ನುಸಿ. ನಾಯಿ ಬೆಕ್ಕಿನ ಡಾಕ್ಟರ್ ಎಲ್ಲರೂ ಹಾವು ನೋಡುವುದಿಲ್ಲ. ಸರೀಸೃಪ ನೋಡುವ ಡಾಕ್ಟರ್ ಯಾರು, ಎಷ್ಟು ದೂರ ಅಂತ ಹಾವು ತರುವ ಮೊದಲೇ ಹುಡುಕಿ ನಂಬರ್ ಬರೆದಿಡಿ.

ಇದು 20-30 ವರ್ಷದ ಜವಾಬ್ದಾರಿ. ಸೇಂಟ್ ಲೂಯಿಸ್ ಮೃಗಾಲಯದ ಒಂದು ಹೆಣ್ಣು ಬಾಲ್ ಪೈಥಾನ್ 2020ರಲ್ಲಿ, 60 ದಾಟಿದ ವಯಸ್ಸಿನಲ್ಲಿ, ವರ್ಷಗಳಿಂದ ಗಂಡಿನ ಹತ್ತಿರ ಇಲ್ಲದೆಯೂ ಮೊಟ್ಟೆ ಇಟ್ಟಿತು. ಆ ಹಾವು 1961ರಲ್ಲಿ ಅಲ್ಲಿಗೆ ಬಂದದ್ದು. ಮಗುವಿಗೆ ಅಂತ ತಂದರೂ, ಮಗು ಕಾಲೇಜಿಗೆ ಹೋದ ಮೇಲೆ ನೋಡಿಕೊಳ್ಳುವವರು ನೀವೇ.

ಊರಿಗೆ ಹೋಗುವಾಗ ಏನು ಮಾಡೋದು ಅಂತ ನಮ್ಮವರು ತಪ್ಪದೆ ಕೇಳುತ್ತಾರೆ. ಬೆಳೆದ, ಆರೋಗ್ಯವಾಗಿರುವ ಹಾವು ನಾಲ್ಕು ವಾರ ಊಟ ಇಲ್ಲದೆ ಇರುತ್ತದೆ. ನೀರು ಮತ್ತು ಬಿಸಿ ಇಲ್ಲದೆ ಇರಲಾರದು. ಹೊರಡುವ ಒಂದು ವಾರ ಮೊದಲು ಊಟ ಕೊಡಿ, ಅರಗಲು ಸಮಯ ಸಿಗುತ್ತದೆ. ಎರಡು ದಿನಕ್ಕೊಮ್ಮೆ ಬಂದು ಹೋಗುವ ಸ್ನೇಹಿತರಿಗೆ ಮನೆ ಕೀ ಕೊಟ್ಟು, ಪೆಟ್ಟಿಗೆ ಮೇಲೆ ಒಂದು ಚೀಟಿ ಅಂಟಿಸಿ. ನಮ್ಮ ಚೀಟಿಯಲ್ಲಿ ಇಷ್ಟಿದೆ: ನೀರು ಬದಲಿಸಿ. ಎರಡೂ ಮೀಟರ್‌ನ ಫೋಟೊ ಕಳಿಸಿ. ತೇವಾಂಶ 60ಕ್ಕಿಂತ ಇಳಿದರೆ ಮೂಲೆಗೆ ಒಂದು ಲೋಟ ನೀರು ಹಾಕಿ. ಗೂಡು ಎತ್ತಬೇಡಿ, ಊಟ ಕೊಡಬೇಡಿ. ಕರೆಂಟ್ ಹೋಗಿ ಬಹಳ ಹೊತ್ತಾದರೆ ದಿಂಬಿನ ಕವರ್‌ನಲ್ಲಿ ಹಾಕಿ ಬಾಯಿ ಕಟ್ಟಿ, ಡಬ್ಬದೊಳಗಿಟ್ಟು, ನಿಮ್ಮ ಮನೆಗೆ ಕರೆದುಕೊಂಡು ಹೋಗಿ. ಬಾಗಿಲು ಹಾಕಿದ ಮೇಲೆ ಬೀಗ ಒಮ್ಮೆ ಎಳೆದು ನೋಡಿ.