ಸ್ಟೆಲ್ಲಾರಿಸ್‌ನಲ್ಲಿ ಮೊದಲನೇ ಯುದ್ಧಕ್ಕೆ ರೆಡಿ ಆಗೋದು ಹೇಗೆ?

ಸ್ಟೆಲ್ಲಾರಿಸ್ ಆಡೋಕೆ ಕೂತವರಲ್ಲಿ ತುಂಬಾ ಜನ ಮೊದಲನೇ ದೊಡ್ಡ ಯುದ್ಧದಲ್ಲಿ ಫ್ಲೀಟ್, ಅಂದ್ರೆ ಹಡಗುಗಳ ಪಡೆ, ಕಳ್ಕೊಂಡು ಆಟಾನೇ ಬಿಟ್ಬಿಡ್ತಾರೆ, ನಂಗೆ ಅದು ನಿಜವಾಗ್ಲೂ ಬೇಜಾರು, ಯಾಕಂದ್ರೆ ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2016ರಲ್ಲಿ ತಂದ, ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟೋ ಈ ಕಂಪ್ಯೂಟರ್ ಆಟ ಇವತ್ತಿಗೂ ಅಪ್ಡೇಟ್ ಆಗ್ತಾನೇ ಇದೆ, ಒಳಗೆ ಹೋದಷ್ಟೂ ರುಚಿ ಹತ್ತತ್ತೆ. ಸೋಲಿನ ಬೇರು ಹುಡುಕಿದ್ರೆ ಬಹಳ ಸಲ ಯುದ್ಧ ಶುರುವಾಗೋಕೆ ಹತ್ತು ಹದಿನೈದು ವರ್ಷ ಮುಂಚಿನ ಎಕಾನಮಿಲಿ ಸಿಗತ್ತೆ, ಆಟದ ವರ್ಷ ಹೇಳ್ತಿದೀನಿ. ಹಾಗಾಗಿ ಅಲ್ಲಿಂದಾನೇ ಶುರು ಮಾಡೋಣ.

ಆಟ 2200ನೇ ಇಸವಿಲಿ ಶುರುವಾಗತ್ತೆ. ಸಾಮಾನ್ಯವಾಗಿ ಕೈಲಿ ಮೂರು ಕಾರ್ವೆಟ್ (ಸಣ್ಣ ಯುದ್ಧದ ಹಡಗು), ಹೊಸ ಜಾಗ ಸರ್ವೇ ಮಾಡೋಕೆ ಒಂದು ಸೈನ್ಸ್ ಶಿಪ್, ಕಟ್ಟೋ ಕೆಲಸಕ್ಕೆ ಒಂದು ಕನ್ಸ್ಟ್ರಕ್ಷನ್ ಶಿಪ್ ಇರತ್ತೆ. ಮೊದ್ಲು ಸ್ಪೇಸ್ ಬಾರ್ ಒತ್ತಿ ಪಾಸ್ ಮಾಡಿ, ಪಾಸ್‌ನಲ್ಲೇ ಎಲ್ಲಾ ಆರ್ಡರ್ ಕೊಡ್ಬಹುದು, ಅವಸರ ಏನೂ ಇಲ್ಲ. ಇನ್ನೊಂದು ಸೈನ್ಸ್ ಶಿಪ್ ಕಟ್ಟೋಕೆ ಹಾಕಿ, ಸುತ್ತಮುತ್ತ ಸರ್ವೇ ಮಾಡ್ಸಿ. ಸರ್ವೇ ಆದ ಕಡೆ ಔಟ್‌ಪೋಸ್ಟ್ ಹಾಕ್ಬೇಕು, ಆ ಜಾಗ ನಿಮ್ದು ಅಂತ ಹಿಡಿಯೋ ಸಣ್ಣ ಠಾಣೆ ಅದು, ಒಂದೊಂದಕ್ಕೂ 100 ಅಲಾಯ್ (ಮಿಶ್ರಲೋಹ) ಬೇಕು, ಜೊತೆಗೆ ಇನ್‌ಫ್ಲುಯೆನ್ಸ್, ಅಂದ್ರೆ ರಾಜಕೀಯ ಪ್ರಭಾವದ ಪಾಯಿಂಟೂ ಹೋಗತ್ತೆ. ಹಡಗು ಕಟ್ಟೋಕೂ ಅದೇ ಅಲಾಯ್ ಬೇಕು. ಜಾಗ ಹಿಡಿಯೋದಾ ಸೈನ್ಯ ಕಟ್ಟೋದಾ ಅನ್ನೋ ಜಗ್ಗಾಟ ಇಲ್ಲೇ ಶುರು. ನನ್ನ ಪ್ರಕಾರ ಪಕ್ಕದಲ್ಲಿ ಯಾರಿದಾರೆ ಅಂತ ಗೊತ್ತಾಗೋವರೆಗೂ ಜಾಗಕ್ಕೇ ಖರ್ಚು ಮಾಡಿ.

ಆಮೇಲೆ ಅಲಾಯ್ ಎಲ್ಲಿಂದ ಬರತ್ತೆ ಅಂತ ನೋಡ್ಕೊಳ್ಳಿ. ಗಣಿಯಿಂದ ಮಿನರಲ್ ಬರತ್ತೆ, ಫೌಂಡ್ರಿಲಿ ಮೆಟಲರ್ಜಿಸ್ಟ್‌ಗಳು ಅದನ್ನ ಅಲಾಯ್ ಮಾಡ್ತಾರೆ, 6 ಮಿನರಲ್ ಹಾಕಿದ್ರೆ 3 ಅಲಾಯ್ ಅನ್ನೋದು ಮೂಲ ಲೆಕ್ಕ. ಅಂದ್ರೆ ಮಿನರಲ್ ಆದಾಯ ಏರಿಸದೆ ಫೌಂಡ್ರಿ ಮೇಲೆ ಫೌಂಡ್ರಿ ಕಟ್ಟಿದ್ರೆ ಮಿನರಲ್ ಮೈನಸ್‌ಗೆ ಹೋಗತ್ತೆ. ರಿಸರ್ಚ್ ಮಾಡೋರಿಗೆ ಕನ್ಸ್ಯೂಮರ್ ಗೂಡ್ಸ್ ಬೇಕು, ಅದನ್ನ ಮಾಡೋಕೂ ಇದೇ ಮಿನರಲ್ಲೇ. ಅದಕ್ಕೆ ಕ್ರಮ ಹೀಗಿರ್ಲಿ, ಮೊದ್ಲು ಗಣಿ, ಆಮೇಲೆ ಒಂದು ಫೌಂಡ್ರಿ, ತಿಂಗಳ ಲೆಕ್ಕ ಪ್ಲಸ್‌ನಲ್ಲಿದ್ಯಾ ನೋಡಿ, ಆಮೇಲೆ ಇನ್ನೊಂದು. ಏನಾದ್ರೂ ಕಮ್ಮಿ ಬಿದ್ರೆ ಮಾರ್ಕೆಟ್ಟಲ್ಲಿ ಕೊಳ್ಬಹುದು, ಆದ್ರೆ ಕೊಂಡಷ್ಟೂ ರೇಟ್ ಏರ್ತಾ ಹೋಗತ್ತೆ, ಮೇಲೆ ಫೀಸ್ ಬೇರೆ, ಅದನ್ನೇ ನಂಬ್ಕೊಂಡು ಕೂರೋದು ಬೇಡ. 2025ರಲ್ಲಿ ಬಂದ 4.0 ಅಪ್ಡೇಟ್ ಜನಸಂಖ್ಯೆ, ವ್ಯಾಪಾರ ಎರಡನ್ನೂ ಬಹಳ ಬದಲಾಯಿಸ್ತು, ಹಳೇ ವಿಡಿಯೋ ನೋಡಿ ಆಡೋರು ಪ್ಲಾನೆಟ್ ಸ್ಕ್ರೀನ್ ಬೇರೆ ಥರ ಕಂಡ್ರೆ ಗಾಬರಿ ಆಗ್ಬೇಡಿ, ಮಿನರಲ್‌ನಿಂದ ಅಲಾಯ್, ಅಲಾಯ್‌ನಿಂದ ಹಡಗು ಅನ್ನೋ ಸರಪಳಿ ಹಾಗೇ ಇದೆ.

ಕಟ್ಟಿದ ಹಡಗು ಸುಮ್ನೆ ನಿಂತಿದ್ರೂ ಪ್ರತಿ ತಿಂಗಳು ಎನರ್ಜಿ, ಅಲಾಯ್ ತಿನ್ನತ್ತೆ. ನೇವಲ್ ಕೆಪಾಸಿಟಿ, ಅಂದ್ರೆ ಎಷ್ಟು ಹಡಗು ಸಾಕ್ಬಹುದು ಅನ್ನೋ ಮಿತಿ, ದಾಟಿದ್ರೆ ಆ ಖರ್ಚು ಇನ್ನೂ ಏರತ್ತೆ. ಸಣ್ಣ ಹಡಗಿಂದ ದೊಡ್ಡದಕ್ಕೆ ಹೋದ್ರೆ ಕಾರ್ವೆಟ್ 1, ಡಿಸ್ಟ್ರಾಯರ್ 2, ಕ್ರೂಸರ್ 4, ಬ್ಯಾಟಲ್‌ಶಿಪ್ 8 ಜಾಗ ತಗೊಳತ್ತೆ. ಕೆಪಾಸಿಟಿ ಸಾಲ್ದಿದ್ರೆ ಸ್ಟಾರ್‌ಬೇಸ್‌ಗಳಲ್ಲಿ (ಬಾಹ್ಯಾಕಾಶದ ನೆಲೆಗಳಲ್ಲಿ) ಆ ಮಿತಿ ಏರಿಸೋ ಆ್ಯಂಕರೇಜ್ ಹಾಕಿ.

ಈಗ ಹಡಗಿನ ಡಿಸೈನ್, ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಆಟೋ ಡಿಸೈನ್ ಆಫ್ ಮಾಡ್ಬಿಡಿ. ಪ್ರತಿ ಹಡಗಿಗೂ ಮೂರು ಪದರ, ಮೇಲೆ ಶೀಲ್ಡ್, ಅದರ ಒಳಗೆ ಆರ್ಮರ್ (ಕವಚ), ಕೊನೇಲಿ ಹಲ್, ಅಂದ್ರೆ ಹಡಗಿನ ಒಡಲು. ಹಲ್ ಸೊನ್ನೆ ಆದ್ರೆ ಹಡಗು ಹೋಯ್ತು. ಮಾಸ್ ಡ್ರೈವರ್ ಥರದ ಕೈನೆಟಿಕ್, ಅಂದ್ರೆ ಗುಂಡು ಹಾರಿಸೋ, ಗನ್‌ಗಳು ಶೀಲ್ಡನ್ನ ಚೆನ್ನಾಗಿ ಒಡೀತಾವೆ, ಆರ್ಮರ್ ಮುಂದೆ ಸಪ್ಪೆ. ಲೇಸರ್ ಅದಕ್ಕೆ ಪೂರ್ತಿ ಉಲ್ಟಾ. ಮಿಸೈಲ್ ಶೀಲ್ಡನ್ನ ದಾಟಿ ಒಳಗೆ ಹೋಗತ್ತೆ, ಆದ್ರೆ ಎದುರಾಳಿ ಹತ್ರ ಪಾಯಿಂಟ್ ಡಿಫೆನ್ಸ್ (ಮಿಸೈಲ್ ಹೊಡೆಯೋ ಸಣ್ಣ ಗನ್) ಇದ್ರೆ ದಾರಿಲೇ ಹೊಡೆದುಹಾಕ್ತಾರೆ. ಡಿಸ್ರಪ್ಟರ್ ಅನ್ನೋ ಆಯುಧ ಶೀಲ್ಡ್, ಆರ್ಮರ್ ಎರಡನ್ನೂ ದಾಟಿ ಸೀದಾ ಹಲ್‌ಗೇ ಬೀಳತ್ತೆ, ಆದ್ರೆ ಡ್ಯಾಮೇಜ್ ಕಮ್ಮಿ. ಡಿಸ್ರಪ್ಟರ್ ಜೊತೆ ಲೇಸರ್ ಮಿಕ್ಸ್ ಮಾಡಿದ್ರೆ ಲೇಸರ್ ಶೀಲ್ಡ್ ಕೆರೀತಾ ಕೂತಿರತ್ತೆ, ಡಿಸ್ರಪ್ಟರ್ ಹಲ್ ಕೆರೀತಿರತ್ತೆ, ಎರಡೂ ಒಂದಕ್ಕೊಂದು ಸಹಾಯಕ್ಕೆ ಬರಲ್ಲ. ಪದರ ದಾಟೋ ಆಯುಧ ಹಾಕೋದಾದ್ರೆ ಪೂರ್ತಿ ಅದನ್ನೇ ಹಾಕಿ, ಇಲ್ಲಾಂದ್ರೆ ಕೈನೆಟಿಕ್ಕು ಲೇಸರ್ರು ಜೋಡಿ.

ಎದುರಾಳಿ ಏನು ಹಾಕಿದಾನೆ ಅಂತ ಹೇಗೆ ಗೊತ್ತಾಗತ್ತೆ? ಇಂಟೆಲ್, ಅಂದ್ರೆ ಅವನ ಬಗ್ಗೆ ನಿಮ್ಗಿರೋ ಮಾಹಿತಿ, ಜಾಸ್ತಿ ಇದ್ರೆ ಮೊದ್ಲೇ ಕಾಣ್ಸತ್ತೆ, ಇಲ್ಲಾಂದ್ರೆ ಮೊದಲನೇ ಕಾಳಗ ಆದ್ಮೇಲೆ ರಿಪೋರ್ಟ್ ತೆಗೆದು ನೋಡಿ, ಯಾವ ಆಯುಧ ಎಷ್ಟು ಡ್ಯಾಮೇಜ್ ಮಾಡ್ತು ಅಂತ ಅಲ್ಲೇ ಇರತ್ತೆ. ಅವನ ಆರ್ಮರ್ ದಪ್ಪ ಇದ್ರೆ ಲೇಸರ್ ಜಾಸ್ತಿ ಮಾಡಿ, ಶಿಪ್‌ಯಾರ್ಡ್ ಇರೋ ಸ್ಟಾರ್‌ಬೇಸ್‌ಗೆ ಕರ್ಕೊಂಡು ಹೋಗಿ ಅಪ್‌ಗ್ರೇಡ್ ಮಾಡ್ಸಿ. ಫ್ಲೀಟ್ ಪವರ್ ಅಂತ ತೋರಿಸೋ ನಂಬರ್ ಈ ಹೊಂದಾಣಿಕೆ ಯಾವುದನ್ನೂ ಲೆಕ್ಕಕ್ಕೆ ತಗೊಳಲ್ಲ, ಅದಕ್ಕೇ ಕಮ್ಮಿ ನಂಬರ್ ಇರೋ ಫ್ಲೀಟ್ ದೊಡ್ಡದನ್ನ ಹೊಡೆಯೋದು ಸಾಧ್ಯ.

ಸೈಜ್ ವಿಷ್ಯದಲ್ಲೂ ಒಂದು ಮಾತು. ಕಾರ್ವೆಟ್‌ಗೆ ಇವೇಷನ್ ಜಾಸ್ತಿ, ಗುರಿ ತಪ್ಪಿಸ್ಕೊಳತ್ತೆ, ದೊಡ್ಡ ಗನ್‌ಗಳಿಗೆ ಟ್ರ್ಯಾಕಿಂಗ್ (ಓಡಾಡೋ ಗುರಿಯನ್ನ ಹಿಂಬಾಲಿಸೋ ಶಕ್ತಿ) ಕಮ್ಮಿ, ಆದ್ರಿಂದ ಬರೀ ಬ್ಯಾಟಲ್‌ಶಿಪ್ ಕಟ್ಕೊಂಡು ಕಾರ್ವೆಟ್ ಹಿಂಡಿಗೆ ಸಿಕ್ಕಿದ್ರೆ ಕಷ್ಟ. ಬ್ಯಾಟಲ್‌ಶಿಪ್‌ಗಳು ದೂರ ನಿಂತು ಹೊಡೀಲಿ, ಮುಂದೆ ಸಣ್ಣ ಗನ್ ಇರೋ ಡಿಸ್ಟ್ರಾಯರ್ ಇಟ್ಕೊಳ್ಳಿ.

ಜಾಗ ಆರಿಸೋದು ಸುಲಭ. 2018ರ 2.0 ಅಪ್ಡೇಟ್ ಬಂದ್ಮೇಲೆ ಓಡಾಟ ಮುಖ್ಯವಾಗಿ ಹೈಪರ್‌ಲೇನ್, ಅಂದ್ರೆ ನಕ್ಷತ್ರಗಳನ್ನ ಜೋಡಿಸೋ ದಾರಿಗಳ ಮೇಲೇ ನಡೆಯೋದು, ಹಾಗಾಗಿ ಮ್ಯಾಪಲ್ಲಿ ದಾರಿ ಕಿರಿದಾಗೋ ಸಿಸ್ಟಮ್ (ನಕ್ಷತ್ರ ಮಂಡಲ) ಹುಡುಕಿ ಅಲ್ಲೇ ಸ್ಟಾರ್‌ಬೇಸ್ ಗಟ್ಟಿ ಮಾಡಿ, ಫ್ಲೀಟ್ ಅಲ್ಲೇ ನಿಲ್ಲಿಸಿ, ಶತ್ರು ಬಂದಾಗ ಸ್ಟಾರ್‌ಬೇಸಿನ ಗನ್ನೂ ನಿಮ್ಮ ಜೊತೆಗೇ ಹೊಡೆಯತ್ತೆ.

ಕಾಳಗ ಕೈ ಮೀರ್ತಿದೆ ಅನ್ಸಿದ್ರೆ ಎಮರ್ಜೆನ್ಸಿ ಎಫ್‌ಟಿಎಲ್ (ಬೆಳಕಿಗಿಂತ ವೇಗವಾಗಿ ತಪ್ಪಿಸ್ಕೊಳ್ಳೋ ಬಟನ್) ಒತ್ತಿ ಓಡ್ಸಿ. ಕೆಲವು ಹಡಗು ಹೋಗ್ಬಹುದು, ಫ್ಲೀಟ್ ಒಂದಷ್ಟು ತಿಂಗಳು ಮ್ಯಾಪಲ್ಲೇ ಕಾಣ್ಸಲ್ಲ, ಆಮೇಲೆ ಮನೆ ಹತ್ರ ಬರತ್ತೆ, ಉಳಿದಿದ್ದನ್ನ ರಿಪೇರಿ ಮಾಡೋದು ಹೊಸದು ಕಟ್ಟೋದಕ್ಕಿಂತ ಎಷ್ಟೋ ಅಗ್ಗ. ಗೆಲ್ತಿದ್ರೂ ವಾರ್ ಎಕ್ಸಾಷನ್, ಅಂದ್ರೆ ಯುದ್ಧದ ದಣಿವಿನ ಲೆಕ್ಕದ ಮೇಲೆ ಕಣ್ಣಿರ್ಲಿ, ನಿಮ್ದು 100% ಮುಟ್ಟಿ 24 ತಿಂಗಳಾದ್ರೆ ಎದುರಾಳಿ ಸ್ಟೇಟಸ್ ಕೋ (ಇದ್ದಲ್ಲೇ ನಿಲ್ಲಿಸೋ ಒಪ್ಪಂದ) ಒಪ್ಪಿಸಿ ಯುದ್ಧ ನಿಲ್ಲಿಸ್ಬಹುದು, ಆಗ ನಿಮ್ಮ ಕೈಗೆ ಸಿಗೋದು ಕ್ಲೇಮ್ ಹಾಕಿ (ನಮ್ದು ಅಂತ ಹಕ್ಕು ಹೇಳಿ) ಪೂರ್ತಿ ಹಿಡಿದಿರೋ ಸಿಸ್ಟಮ್‌ಗಳು ಮಾತ್ರ. ಅದಕ್ಕೆ ಯುದ್ಧ ಘೋಷಿಸೋ ಮೊದ್ಲೇ ಇನ್‌ಫ್ಲುಯೆನ್ಸ್ ಕೂಡಿಟ್ಟು ಬೇಕಾದ ಸಿಸ್ಟಮ್‌ಗಳಿಗೆ ಕ್ಲೇಮ್ ಹಾಕಿ, ದಾಳಿಲಿ ಅವನ್ನೇ ಮೊದ್ಲು ಹಿಡೀರಿ.